ಆರ್ಲಿಸ್‌ಳ ರೈಫಲ್ಲಿನ ಅಳತೆ

ವರ್ಲಿನ್ ಹೋವ್ಲಂಡ್‌ನ ಮನೆಗೆ ಊಟಕ್ಕೆ ಹೋದವರು ಉದ್ದದ ಪಾಠ ಕೇಳದೆ ವಾಪಸು ಬಂದದ್ದಿಲ್ಲ. ಮಾಂಸದ ತಟ್ಟೆಯ ಹಬೆ ಆರುವುದರೊಳಗೆ ಅವನು ಜೇಬಿನಿಂದ ಮದ್ದಿಲ್ಲದ ಒಂದು ತೋಟಾ ತೆಗೆದು ಉಪ್ಪಿನ ಡಬ್ಬಿಯ ಪಕ್ಕ ನಿಲ್ಲಿಸುತ್ತಿದ್ದ.

"ತೋಟಾಗೆ ಉದ್ದ ಒಂದಲ್ಲ, ಮೂರು," ಎಂದು ಶುರು. ಮೊದಲನೆಯದು ಬರೀ ಹಿತ್ತಾಳೆ ಚಿಪ್ಪಿನದು. ಹೊಡೆದ ಹಾಗೆಲ್ಲ ಚಿಪ್ಪು ಉದ್ದವಾಗುತ್ತದೆ, ಆಗಾಗ ಕತ್ತರಿಸಬೇಕು. ಎರಡನೆಯದು ಬುಡದಿಂದ ಗುಂಡಿನ ತುದಿಯವರೆಗಿನ ಒಟ್ಟು ಉದ್ದ. ಅದು ಮೀರಿದರೆ ತೋಟಾ ರೈಫಲ್ಲಿನ ಹೊಟ್ಟೆಯಲ್ಲಿ ಕೂರುವುದಿಲ್ಲ. ಮೂರನೆಯದಕ್ಕೆ ಬಂದಾಗ ವರ್ಲಿನ್ ದನಿ ತಗ್ಗಿಸುತ್ತಿದ್ದ.

"ಬುಡದಿಂದ ಗುಂಡಿನ ಹೆಗಲಿನವರೆಗೆ, ಅಂದ್ರೆ ಮೂತಿ ಮುಗಿದು ಮೈ ದಪ್ಪ ಆಗೋ ಕಡೆವರೆಗೆ. ಬಾಗಿಲಲ್ಲಿ ಸಿಕ್ಕಿಕೊಳ್ಳೋದು ಟೋಪಿ ಅಲ್ಲಪ್ಪ, ಹೆಗಲು. ನಳಿಗೆ ಒಳಗಿನ ಸುರುಳಿ ಗೀರಿಗೆ ಎಲ್ಲಿ ತಾಗುತ್ತೆ ಅನ್ನೋದು ಒಂದೊಂದು ರೈಫಲ್ಲಿಗೆ ಒಂದೊಂದು ಥರ. ಈ ಅಳತೇನ ಎರವಲು ಕೊಡೋ ಹಾಗಿಲ್ಲ, ತಗೊಳ್ಳೋ ಹಾಗೂ ಇಲ್ಲ."

ಅವನ ಹೆಂಡತಿ ಆರ್ಲಿಸ್ ಇದನ್ನು ಮೂವತ್ತೊಂದು ವರ್ಷದಿಂದ ಕೇಳುತ್ತಿದ್ದಳು. ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುವವಳು, ಅಳತೆಯ ವಿಷಯದಲ್ಲಿ ದಡ್ಡಿಯಲ್ಲ. ಆದರೆ ಗ್ಯಾರೇಜಿನಲ್ಲಿ ವರ್ಲಿನ್ ತೋಟಾ ತುಂಬುವ ಮೇಜಿನ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಅವಳು ಕಾಫಿ ಕೊಂಡುಹೋದರೆ ಲೋಟವನ್ನು ಹೊಸ್ತಿಲಲ್ಲೇ ಇಟ್ಟು ಬರಬೇಕಿತ್ತು.

ಆ ವರ್ಷ ಆರ್ಲಿಸ್‌ಗೆ ಮೂಸ್ ಬೇಟೆಯ ಪರವಾನಗಿ ಚೀಟಿ ಎದ್ದಿತು. ಕಡವೆಗಳ ದೊಡ್ಡಣ್ಣನಂಥ ಆ ಪ್ರಾಣಿಗಾಗಿ ಅವಳು ಇಪ್ಪತ್ತೆರಡು ವರ್ಷ ಬಿಡದೆ ಅರ್ಜಿ ಹಾಕಿದ್ದಳು. ಒಮ್ಮೆ ಸಿಕ್ಕವರು ಮತ್ತೆ ಏಳು ವರ್ಷ ಅರ್ಜಿ ಹಾಕುವಂತಿಲ್ಲ. ಅವಳಿಗೀಗ ಅರವತ್ನಾಲ್ಕು, ಎಡ ಮಂಡಿ ಮೆಟ್ಟಿಲು ಹತ್ತುವಾಗಲೇ ಮುನಿಸಿಕೊಳ್ಳುತ್ತಿತ್ತು. ಇದೇ ಮೊದಲು, ಇದೇ ಕೊನೆ ಎಂದು ಅವಳಿಗೆ ಗೊತ್ತಿತ್ತು. ಹೊಡೆಯುವುದಿದ್ದರೆ ಅಪ್ಪ ಬಿಟ್ಟುಹೋದ ಹಳೆಯ ರೈಫಲ್ಲಿನಲ್ಲೇ ಎಂದೂ ನಿರ್ಧರಿಸಿದ್ದಳು.

ವರ್ಲಿನ್ ಎರಡು ವಾರ ಗ್ಯಾರೇಜಿನಲ್ಲಿ ಕೂತು ಇಪ್ಪತ್ತು ತೋಟಾ ತುಂಬಿದ. "ಇಂಥದ್ದನ್ನ ಈ ಕಣಿವೇಲಿ ಯಾರೂ ಮಾಡಿಲ್ಲ ಕಣೇ," ಎಂದು ಡಬ್ಬಿಯನ್ನು ಅವಳ ಕೈಗಿತ್ತ. ಅವನ ಮುಖ ನೋಡಿ ಅವಳಿಗೂ ಹಿಗ್ಗಾಯಿತು.

ಬೇಟೆ ಶುರುವಾಗಲು ನಾಲ್ಕು ದಿನವಿರುವಾಗ, ಶನಿವಾರ ಬೆಳಿಗ್ಗೆ, ಇಬ್ಬರೂ ಕ್ಲಬ್ಬಿನ ಗುರಿ ಮೈದಾನಕ್ಕೆ ಹೋದರು. ಅಲ್ಲಿಯ ಮೇಲ್ವಿಚಾರಕ ಟೊಲೆಫ್, ವರ್ಲಿನ್‌ನ ಹಳೆಯ ಗೆಳೆಯ, ಕಾಲೆಳೆಯುವುದರಲ್ಲಿ ನಿಪುಣ. ಆರ್ಲಿಸ್ ಮೊದಲ ತೋಟಾ ಒಳಗಿಟ್ಟು, ಅದನ್ನು ನಳಿಗೆಗೆ ತಳ್ಳುವ ಬೋಲ್ಟ್ ಒತ್ತಿದಳು. ಅದು ಕೊನೆಯಲ್ಲಿ ಹಟ ಮಾಡಿ, ಆಮೇಲೆ ಗಟ್ಟಿಯಾಗಿ ಕೂತಿತು. ಅಷ್ಟರಲ್ಲಿ ಟೊಲೆಫ್, ಯಾರೋ ಗುರಿಹಲಗೆ ಬದಲಿಸಲು ಹೋಗಬೇಕು, ಎಲ್ಲರೂ ತೋಟಾ ಹೊರಗೆ ತೆಗೆಯಿರಿ ಎಂದು ಕೂಗಿದ.

ಆರ್ಲಿಸ್ ಬೋಲ್ಟ್ ಹಿಂದಕ್ಕೆಳೆದಳು. ಚಿಪ್ಪೊಂದೇ ಬಂತು. ಗುಂಡು ನಳಿಗೆಯಲ್ಲೇ ಕಚ್ಚಿಕೊಂಡಿತ್ತು. ಚಿಪ್ಪಿನೊಳಗಿನ ಮದ್ದು ಸಾಸಿವೆ ಚೆಲ್ಲಿದ ಹಾಗೆ ರೈಫಲ್ಲಿನ ತುಂಬ, ಅವಳ ತೋಳಿನ ತುಂಬ ಸುರಿಯಿತು.

ಟೊಲೆಫ್ ಬಂದು ಬಗ್ಗಿ ನೋಡಿದ. "ಏನು ಮಾರಾಯ ವರ್ಲಿನ್, ಹೆಗಲು ಬಾಗಿಲಲ್ಲಿ ಸಿಕ್ಕಿಕೊಂಡ್ತಾ?"

"ರೈಫಲ್ ಹಳೇದು," ಎಂದ ವರ್ಲಿನ್.

"ರೈಫಲ್ ಹಳೇದೇ. ತುಂಬಿದವನು ಇನ್ನೂ ಹಳಬ."

ಟೊಲೆಫ್ ನಳಿಗೆಯ ಬಾಯಿಂದ ಕಡ್ಡಿ ತೂರಿಸಿ ಮೆಲ್ಲಗೆ ತಟ್ಟಿ ಗುಂಡನ್ನು ಹೊರಹಾಕಿದ. ವರ್ಲಿನ್‌ನ ಕಿವಿಗಳು ಕೆಂಪಾಗಿದ್ದವು. ಕಾಡಿನಲ್ಲಿ ಹೀಗಾಗಿದ್ದರೆ ಕಾದ ಇಪ್ಪತ್ತೆರಡು ವರ್ಷ ಅಲ್ಲೇ ಮಣ್ಣುಪಾಲಾಗುತ್ತಿತ್ತು.

ಮನೆಗೆ ಬಂದ ಆರ್ಲಿಸ್ ನೇರವಾಗಿ ಗ್ಯಾರೇಜಿಗೆ ನಡೆದು ಮೇಜಿನ ಮೇಲಿದ್ದ ಅವನ ಪುಸ್ತಕ ತೆರೆದಳು. ರೈಫಲ್ಲಿಗೊಂದು ಪುಟ, ಪುಟಕ್ಕೊಂದು ಹೆಗಲಿನ ಅಳತೆ, ಕೆಳಗೆ 'ಅಳೆದವನು: ವರ್ಲಿನ್'. ಅವನ ಮೂರು ರೈಫಲ್, ಅವನ ಅಣ್ಣನದು, ಟೊಲೆಫ್‌ನ ಎರಡು. ಕೊನೆಯ ಪುಟ ಚರ್ಚಿನ ಪಾದ್ರಿಯದು. ಅಲ್ಲಿಗೆ ಪುಸ್ತಕ ಮುಗಿದಿತ್ತು. ಅವಳದಕ್ಕೆ ಪುಟವೇ ಇರಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಪಾದ್ರಿ ವರ್ಷಕ್ಕೊಂದು ಗುಂಡು ಹಾರಿಸ್ತಾನೆ, ಅದೂ ಗಾಳಿಗೆ. ಅವನಿಗೆ ಪುಟ ಇದೆ. ನನಗಿಲ್ಲ. ಇಷ್ಟು ವರ್ಷ ಏನು ತುಂಬಿ ಕೊಡ್ತಿದ್ದೆ ನನಗೆ?"

"ಕೈಪಿಡಿ ಅಳತೆ. ಗಿಡ್ಡದ್ದು. ಯಾವ ರೈಫಲ್ಲಿಗಾದ್ರೂ ಹೋಗುತ್ತೆ." ವರ್ಲಿನ್ ನೆಲ ನೋಡುತ್ತಿದ್ದ. "ಈ ಸಲ ಮೂಸ್ ಅಲ್ವಾ. ಚೆನ್ನಾಗಿರೋದು ಕೊಡೋಣ ಅಂತ ನನ್ನ ರೈಫಲ್ಲಿನ ಅಳತೆ ಹಾಕಿದೆ. ನನ್ನ ಹತ್ರ ಇರೋದ್ರಲ್ಲಿ ಅದೇ ಒಳ್ಳೇದು ಕಣೇ."

"ಎರವಲು ಕೊಡೋ ಹಾಗಿಲ್ಲ ಅಂತ ಊರಿಗೆಲ್ಲ ಹೇಳಿದ ಬಾಯಿ ಯಾವುದು?"

ಅವನು ಪ್ರೀತಿಯಿಂದ ಮಾಡಿದ್ದೆಂದು ಅವಳಿಗೆ ಅರ್ಥವಾಯಿತು, ಅದಕ್ಕೇ ಇನ್ನಷ್ಟು ಉರಿಯಿತು. ಅವಳು ಅವನ ಕುರ್ಚಿ ಎಳೆದುಕೊಂಡು ಕೂತಳು.

"ಕೈ ಜೇಬಲ್ಲಿಟ್ಕೊಂಡು ಅಲ್ಲಿ ನಿಂತ್ಕೋ. ಹೊಸ್ತಿಲಲ್ಲಿ."

ಒಂದು ಖಾಲಿ ಚಿಪ್ಪಿನ ಕುತ್ತಿಗೆಯನ್ನು ಸಣ್ಣ ಗರಗಸದಿಂದ ಸೀಳಿ, ಗುಂಡನ್ನು ಅದರ ಬಾಯಲ್ಲಿ ಸಡಿಲವಾಗಿ ನಿಲ್ಲಿಸಿದಳು. ಅಪ್ಪನ ರೈಫಲ್ಲಿನೊಳಗೆ ಇಟ್ಟು ಬೋಲ್ಟ್ ಒತ್ತಿದಳು. ಗೀರು ಗುಂಡನ್ನು ತಡೆದು, ಎಷ್ಟು ಬೇಕೋ ಅಷ್ಟೇ ಚಿಪ್ಪಿನೊಳಕ್ಕೆ ತಳ್ಳಿತು. ಮೆಲ್ಲಗೆ ಹೊರತೆಗೆದು ಅಳತೆಯ ಕ್ಯಾಲಿಪರ್ ಹಿಡಿದಳು.

"ತುದಿಯಿಂದ ಅಳೀಬೇಡ, ಒಂದು ತುದಿ ಇನ್ನೊಂದರ ಹಾಗೆ..." ಹೊಸ್ತಿಲಿನಿಂದ ದನಿ ಬಂತು.

"ಮೂವತ್ತೊಂದು ವರ್ಷ ನನ್ನ ಅಡುಗೆ ತಣ್ಣಗಾಗಿಸಿ ಅದನ್ನೇ ಹೇಳಿದ್ದೀಯ. ಬಾಯಿ ಮುಚ್ಚು."

ಹೆಗಲಿನಿಂದಲೇ ಅಳೆದಳು. ಐದು ಸಲ ಮಾಡಿದಳು, ಐದು ಸಲವೂ ಕೂದಲೆಳೆ ವ್ಯತ್ಯಾಸ. ವರ್ಲಿನ್‌ನ ರೈಫಲ್ಲಿಗಿಂತ ಅವಳದು ತುಸು ಗಿಡ್ಡ. ಗೀರಿಗೆ ತಾಗದ ಹಾಗೆ ಇನ್ನಷ್ಟು ಕಡಿಮೆ ಮಾಡಿದಳು. ಹಳೆಯ ತೋಟಾಗಳನ್ನು ಬಿಚ್ಚಿ ಮದ್ದು ತೆಗೆದು, ಕೈಪಿಡಿ ನೋಡಿ ಕಡಿಮೆ ಮದ್ದಿನಿಂದ ಹೊಸದಾಗಿ ತುಂಬಿದಳು. ಭಾನುವಾರ ಮೈದಾನದಲ್ಲಿ ಮೂರು ಗುಂಡು ಬಿಸ್ಕತ್ತಿನಗಲದ ಜಾಗದಲ್ಲಿ ಬಿದ್ದವು. ಟೊಲೆಫ್ ಟೋಪಿ ತೆಗೆದು ಎದೆಗಿಟ್ಟುಕೊಂಡ.

ಬೇಟೆಯ ಮೊದಲ ದಿನ ತೊರೆಯಂಚಿನ ಪೊದೆಗಳಿಂದ ಒಂದು ಹೆಣ್ಣು ಮೂಸ್ ಮರಿಯೊಂದಿಗೆ ಬಂತು. ಪರವಾನಗಿ ಗಂಡಿಗೆ ಮಾತ್ರ. ಅವೆರಡೂ ನೀರು ದಾಟುವವರೆಗೆ ಆರ್ಲಿಸ್ ನೋಡಿದಳು. ಸಂಜೆ ಬಿಡಾರದಲ್ಲಿ ಬೋಲ್ಟ್ ಎಳೆದಾಗ ತೋಟಾ ಇಡಿಯಾಗಿ ಅಂಗೈಗೆ ಬಂತು. ಅಲ್ಲಿಯವರೆಗೆ ಉಸಿರು ಬಿಗಿಹಿಡಿದಿದ್ದ ವರ್ಲಿನ್ ಸೋರುವ ಟಯರಿನ ಹಾಗೆ ಸದ್ದು ಮಾಡಿದ.

ಆರನೆಯ ದಿನ ಗಂಡು ಬಂತು. ಒಂದೇ ಗುಂಡು ಸಾಕಾಯಿತು. ಅದರ ಪಕ್ಕ ಒದ್ದೆ ಹುಲ್ಲಿನಲ್ಲಿ ಕೂತು ಆರ್ಲಿಸ್ ಒಂದಿಷ್ಟು ಅತ್ತಳು. ಅಪ್ಪ ಇದ್ದಿದ್ದರೆ ಎನ್ನಿಸಿತು. ವರ್ಲಿನ್ ಚಾಕು ಮಸೆಯುತ್ತ ನಿಂತ.

ಮಾಂಸವನ್ನೆಲ್ಲ ಕಟ್ಟಿ ತೂಗುಹಾಕಿದ ಮೇಲೆ ಅವನು ಟ್ರಕ್ಕಿನ ಸೀಟಿನಡಿಯಿಂದ ಪುಸ್ತಕ ತೆಗೆದ. ಆರು ದಿನದಿಂದ ಅದು ಅಲ್ಲೇ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ.

"ಪುಟ ಖಾಲಿ ಇಲ್ವಲ್ಲ," ಎಂದಳು. "ಪಾದ್ರಿ ಹಿಂದೆ ಎಲ್ಲಿ ಸಿಕ್ಕಿಸ್ತೀಯ ನನ್ನ?"

ವರ್ಲಿನ್ ಹಾಳೆಗಳನ್ನೆಲ್ಲ ಹಿಂದಕ್ಕೆ ತಿರುಗಿಸಿದ. ಅವನ ಸ್ವಂತ ರೈಫಲ್ಲಿಗೂ ಮುಂಚೆ, ರಟ್ಟಿನ ಒಳಬದಿ ಖಾಲಿಯಿತ್ತು. ಅಲ್ಲಿ 'ಆರ್ಲಿಸ್‌ಳ ರೈಫಲ್' ಎಂದು ಬರೆದ. ಕೆಳಗೆ ಹೆಗಲಿನ ಅಳತೆ. ಅದರ ಕೆಳಗೆ, 'ಅಳೆದವಳು: ಆರ್ಲಿಸ್'.

ಅವಳು ಅಂಕಿಯನ್ನು ನೋಡಿದಳು. ಕೊನೆಯ ದಶಾಂಶದವರೆಗೂ ಸರಿಯಾಗಿತ್ತು.

"ನಾನು ಇದನ್ನ ಎಲ್ಲೂ ಬರೆದಿಡಲಿಲ್ಲವಲ್ಲ. ನಿನಗೆ ಹೇಗೆ ಗೊತ್ತು?"

"ನೀನು ಮಲಗಿದ ಮೇಲೆ ಹೋಗಿ ಮೂರು ಸಲ ಅಳೆದೆ," ಎಂದ ವರ್ಲಿನ್. "ತಪ್ಪು ಹುಡುಕೋಕೇ ಹೋಗಿದ್ದೆ. ಸಿಗಲಿಲ್ಲ ಕಣೇ."