ಬಾಗಿಲಿನವನ ಪುಡಿ

ಹಬೀಬು ಚಪ್ಪಲಿ ಬಿಡುವಷ್ಟರಲ್ಲಿ ತಮ್ಮ ಇಲ್ಯಾಸು ಗುಂಡಿಗೆ ಇಳಿದಾಗಿತ್ತು. ಅವನ ಹಿಂದೆಯೇ ಸೋದರಮಾವನೂ ಇಳಿದ. ಮೇಲಿದ್ದವರು ಬಿಳಿ ಬಟ್ಟೆ ಸುತ್ತಿದ ಅಮ್ಮ ಅಸಾಬೆಯ ದೇಹವನ್ನು ಅವರಿಬ್ಬರ ತೋಳಿಗೆ ಇಳಿಸಿದರು. ಹಿರಿಯ ಮಗನೆನ್ನಿಸಿಕೊಂಡು ಹಬೀಬು ಮಾಡಿದ್ದಿಷ್ಟೆ: ತಮ್ಮನ ಚಪ್ಪಲಿ ಯಾರ ಕಾಲಿಗೂ ತೊಡರದಂತೆ ಪಕ್ಕಕ್ಕೆ ಸರಿಸಿಟ್ಟ.

“ನಾನು ಇಳೀಬೇಕಿತ್ತು,” ಎಂದ.

“ನೀನಾ? ಚೊಚ್ಚಲ ಮಗ ನೀನು,” ಎಂದ ಪಕ್ಕದಲ್ಲಿ ನಿಂತಿದ್ದ ಶೇಹು. “ಬದುಕಿರೋ ತನಕ ನಿನ್ನ ಮುಖ ನೋಡದೋಳು. ಈಗ ನೀನು ಎತ್ಕೊಂಡಿದ್ರೆ ನಾಚ್ಕೊಂಡು ಎದ್ದು ಓಡ್ತಿದ್ದಳು.”

ಶೇಹು ಸೋದರತ್ತೆಯ ಮಗ. ಜಾರಿಯಾ ಊರಿನ ರೂಢಿಯಲ್ಲಿ ಅತ್ತೆ ಮಗನಾದವನು ಸಾವಿನ ಹೊತ್ತಿನಲ್ಲೂ ಗೇಲಿ ಮಾಡಬೇಕು. ಸುಮ್ಮನಿದ್ದರೆ ಜನ ಅವನನ್ನೇ ಆಡಿಕೊಳ್ಳುತ್ತಾರೆ. ಹಬೀಬುವೂ ತಿರುಗಿಸಿ ಒಂದು ಮಾತು ಬಿಡಬೇಕಿತ್ತು.

“ನಿಮ್ಮಮ್ಮ ನನ್ನನ್ನಾದ್ರೂ ಹೆಸರು ಹಿಡಿದು ಬೈತಿದ್ದಳು,” ಎಂದ ಶೇಹು. “ನಿನಗೆ ಆ ಬೈಗುಳದ ಭಾಗ್ಯವೂ ಇರಲಿಲ್ಲ.”

ಅದು ನಿಜವಾಗಿದ್ದರಿಂದಲೇ ಚುಚ್ಚಿತು. ಚೊಚ್ಚಲ ಮಗುವಿನ ಹೆಸರನ್ನು ತಾಯಿಯಾದವಳು ಬಾಯಲ್ಲಿ ಆಡಬಾರದು. ಎಲ್ಲರೆದುರು ಮುದ್ದಿಸಬಾರದು, ಹೊಗಳಬಾರದು. ಮೊದಲ ಕೂಸಿನ ಮೇಲೆ ಪ್ರೀತಿ ತೋರಿಸಿಕೊಂಡವಳು ಮಾನಗೇಡಿ. ಹಾಗೆಂದು ಎಲ್ಲ ತಾಯಂದಿರೂ ಅಕ್ಷರಶಃ ಪಾಲಿಸುತ್ತಾರೆಯೇ? ನಾಲ್ಕು ಗೋಡೆಯ ನಡುವೆ, ಜ್ವರ ಬಂದಾಗಲೋ ಮದುವೆಯ ಹಿಂದಿನ ದಿನವೋ, ಒಮ್ಮೆಯಾದರೂ ಬಾಯಿ ಜಾರುತ್ತದೆ. ಹಬೀಬುವಿನ ಗಡ್ಡ ನರೆಯತೊಡಗಿತ್ತು, ಅಮ್ಮನ ಬಾಯಿ ಜಾರಿರಲಿಲ್ಲ. ಅದು ಮರ್ಯಾದೆಯೋ, ಇಲ್ಲ ಒಳಗೆ ಏನೂ ಇರಲೇ ಇಲ್ಲವೋ ಎಂದು ಅವನಿಗೆ ತಿಳಿಯಬೇಕಿತ್ತು. ಇನ್ನು ಯಾರನ್ನು ಕೇಳುವುದು? ಇಲ್ಯಾಸು ಮೇಲೆ ಹತ್ತಿ ಬಂದ. ಮಣ್ಣು ಬೀಳತೊಡಗಿತು.

*

ಹಾಲು ಬಿಡಿಸಿದ ಮೇಲೆ ಹಬೀಬು ಬೆಳೆದದ್ದು ಅತ್ತೆಯ ಮನೆಯಲ್ಲಿ, ಶೇಹುವಿನ ತಟ್ಟೆ ಹಂಚಿಕೊಂಡು. ಆರೇಳು ವರ್ಷದವನಿದ್ದಾಗ ಒಂದು ದಿನ ತಾನೇ ಬೀದಿ ದಾಟಿ ಅಮ್ಮನ ಅಂಗಳಕ್ಕೆ ಬಂದು ನಿಂತ. ಅಸಾಬೆ ಶೇಂಗಾ ಹಿಂಡಿಯಿಂದ ಎಣ್ಣೆ ತೆಗೆಯುತ್ತಿದ್ದಳು. ಅರೆದ ಶೇಂಗಾವನ್ನು ಬಿಸಿನೀರು ಚಿಮುಕಿಸಿ ನಾದಿ, ಬಟ್ಟೆಯಲ್ಲಿ ಕಟ್ಟಿ, ತೋಳಿನ ನರ ಉಬ್ಬುವಂತೆ ಹಿಂಡುತ್ತಿದ್ದಳು. ಹಿಂಡಿಯಲ್ಲಿ ಎಣ್ಣೆಯ ಪಸೆ ಉಳಿದರೆ ಯಾಜಿ ಎಂಬ ಮಸಾಲೆ ಪುಡಿ ಕೆಟ್ಟಿತೆಂದೇ ಲೆಕ್ಕ. ಮಾಂಸಕ್ಕೆ ಸವರಿದರೆ ಹಿಡಿಯುವುದಿಲ್ಲ, ಮುದ್ದೆಯಾಗಿ ಬೆಂಕಿಗೆ ಉದುರುತ್ತದೆ.

“ಅಮ್ಮಾ, ಹಸಿವು,” ಎಂದ.

ಅವಳು ತಲೆ ಎತ್ತಲಿಲ್ಲ. ಗೂಟಕ್ಕೆ ಕಟ್ಟಿದ್ದ ಆಡಿನ ಕಡೆ ತಿರುಗಿ ಹೇಳಿದಳು: “ಅಂಗಳದಲ್ಲಿ ನಿಂತಿರೋನಿಗೆ ಹೇಳು, ಮಡಕೆ ಕೆಳಗೆ ಗಂಜಿ ಇದೆ ಅಂತ.”

ಆಡು ಏನೂ ಹೇಳಲಿಲ್ಲ. ಹಬೀಬು ಮಡಕೆ ಎತ್ತಿ ಗಂಜಿ ಕುಡಿದು ಹೋದ. ಅಂದಿನಿಂದ ಅವನಿಗೆ ಆಡುಗಳ ಮೇಲೆ ಒಂದು ಬಗೆಯ ಹೊಟ್ಟೆಕಿಚ್ಚು.

ದೊಡ್ಡವನಾಗಿ ಊರಕೋಟೆಯ ದೋಕಾ ಬಾಗಿಲ ಬಳಿ ಸುಟ್ಟ ಮಾಂಸದ ಸುಯಾ ಅಂಗಡಿ ಇಟ್ಟಾಗ ಅಮ್ಮನ ಬಾಯಲ್ಲಿ ಅವನು “ಬಾಗಿಲಿನವನು” ಆದ. ಇಲ್ಯಾಸು ಬಸ್ ನಿಲ್ದಾಣದ ಬಳಿ ಇಟ್ಟ. ಇಬ್ಬರಿಗೂ ಪುಡಿ ಅಮ್ಮನದೇ. ಅಂಗಳದ ಆಚೆ ಕಾಲಿಡದ ಅಸಾಬೆಯನ್ನು ಊರಿನ ಗಂಡಸರು ಕಂಡವರಲ್ಲ, ಆದರೆ ಅವಳ ಕೈ ರುಚಿ ನೋಡದವರೂ ಇರಲಿಲ್ಲ. ಒಣಶುಂಠಿ, ಒಣಮೆಣಸಿನಕಾಯಿ, ಲವಂಗ, ಉಪ್ಪು, ಆ ಹಿಂಡಿ. ತೆಳ್ಳಗೆ ಸೀಳಿ ಕಡ್ಡಿಗೆ ಪೋಣಿಸಿದ ದನದ ಮಾಂಸವನ್ನು ಅದರಲ್ಲಿ ಹೊರಳಿಸಿ ಬೆಂಕಿಯ ಸುತ್ತ ಚುಚ್ಚಿ ನಿಲ್ಲಿಸಿದರೆ ಇಡೀ ಬೀದಿ ಮೂಗರಳಿಸುತ್ತಿತ್ತು.

“ಇಲ್ಯಾಸು! ಲೋ ಇಲ್ಯಾಸು! ನಿನ್ನ ಡಬ್ಬ ತಗೊಂಡು ಹೋಗೋ!” ಎಂದು ಅಮ್ಮ ಕೂಗಿದರೆ ಮೂರು ಮನೆಗೆ ಕೇಳುತ್ತಿತ್ತು. ಹಬೀಬುವಿನ ಡಬ್ಬವನ್ನು ತಂಗಿ ಲಾರೈ ಬಾಗಿಲಿಗೆ ತಂದು ಕುಕ್ಕುತ್ತಿದ್ದಳು. “ತಗೋ. ಬಾಗಿಲಿನವನಿಗಂತೆ.”

ಒಮ್ಮೆ ಕೆಂಡಕ್ಕೆ ಅಂಗೈ ಸುಟ್ಟುಕೊಂಡಾಗಲೂ ಅಮ್ಮನ ಮಾತು ತಂದದ್ದು ಲಾರೈಯೇ. “ಬೆಂಕಿ ಮುಂದೆ ಕೂರೋನಿಗೆ ಕಣ್ಣಿಲ್ವಾ, ಕೇಳ್ಕೊಂಡು ಬಾ ಅಂದಳು.” ಅವನ ಪುಡಿ ಮಾತ್ರ ಗೋಧಿ ಹಿಟ್ಟಿಗಿಂತ ನುಣುಪು. ತಮ್ಮನದು ತರಿತರಿ. ಗಿರಾಕಿಗಳು ಅದಕ್ಕೇ ಇವನಲ್ಲಿಗೆ ಬರುತ್ತಿದ್ದರು. ಲಾರೈ ಮರೆತು ಎರಡೆರಡು ಸಲ ಜರಡಿ ಹಿಡಿಯುತ್ತಾಳೆ ಎಂದುಕೊಂಡಿದ್ದ.

*

ಮನೆಯ ಮುಂದೆ ಗಂಡಸರಿಗೆ ಚಾಪೆ ಹಾಸಿತ್ತು. ಬಂದವರು ಕೂತು, ಅಂಗೈ ಎತ್ತಿ ಬೇಡಿ, “ದೇವರು ಕರುಣೆ ತೋರಲಿ” ಎಂದು ಎದ್ದು ಹೋಗುತ್ತಿದ್ದರು. ಒಣಗಾಳಿ ಎಲ್ಲರ ಟೋಪಿಯ ಮೇಲೂ ಒಂದೇ ಬಣ್ಣದ ಧೂಳು ಕೂರಿಸಿತ್ತು. ಹಬೀಬು ಕೂತ, ಎದ್ದ, ನೀರು ಕುಡಿದ, ಮತ್ತೆ ಕೂತ.

“ನಿನ್ನ ಕೆಳಗೆ ಇರುವೆ ಗೂಡೇನಾದ್ರೂ ಇದೆಯಾ?” ಎಂದ ಶೇಹು.

ಇಲ್ಯಾಸು ಮೊಣಕಾಲಿಗೆ ಮುಖ ಒತ್ತಿ ಅಳುತ್ತಿದ್ದ. ಬಂದವರು ಅವನ ಬೆನ್ನು ಸವರುತ್ತಿದ್ದರು. ತನ್ನ ಬೆನ್ನು ಸವರಲು ಯಾರೂ ಬರಲಿಲ್ಲವೆಂಬುದನ್ನು ಹಬೀಬು ಗಮನಿಸಿದ. ಗಮನಿಸಿದೆನಲ್ಲ ಎಂದು ನಾಚಿಕೆಯೂ ಆಯಿತು. ಅಷ್ಟರಲ್ಲಿ ಒಳಗಿನಿಂದ ಲಾರೈಯ ದನಿ ಏರಿದ್ದು ಕೇಳಿಸಿತು. ಎದ್ದು ಒಳಗೆ ಹೋದ.

ಅಂಗಳದ ನಡುವೆ ಲಾರೈ ಮರದ ಒರಳನ್ನು ಓರೆ ಮಾಡಿ ಹಿಡಿದಿದ್ದಳು. ಎದುರಿಗೆ ಅಸಾಬೆಯ ಸವತಿ ತಲಾತು ಒರಳಿನ ಬಾಯಿಗೆ ಅಂಗೈ ಅಡ್ಡ ಇಟ್ಟು ನಿಂತಿದ್ದಳು.

“ನೋಡಣ್ಣ,” ಎಂದಳು ಲಾರೈ, “ನಾಳೆ ಅಮ್ಮನ ಹೆಸರಿನ ದಾನಕ್ಕೆ ಪಕ್ಕದ ಮನೇಲಿ ಕುಟ್ಟಬೇಕು, ಒರಳು ಕೊಡಿ ಅಂತಿದಾರೆ. ಇದರಲ್ಲಿರೋದನ್ನ ಸುರಿಯೋಕೆ ಈ ಚಿಕ್ಕಮ್ಮ ಬಿಡ್ತಿಲ್ಲ.”

“ಏನಿದೆ ಅದರಲ್ಲಿ?”

“ನಿನ್ನದೇ ಪುಡಿ,” ಎಂದಳು ತಲಾತು. “ಅರ್ಧ ಕುಟ್ಟಿದ್ದು.”

ಬೆಳಗ್ಗೆ ಅಮ್ಮ ಹೋದದ್ದು ಒರಳ ಮುಂದೆಯೇ ಎಂದು ಅವನಿಗೆ ಹೇಳಿದ್ದರು. ಯಾರ ಪುಡಿ ಎಂದು ಹೇಳಿರಲಿಲ್ಲ.

“ಸುರಿ ಲಾರೈ,” ಎಂದ ಹಬೀಬು. ಬೆಳಗಿನಿಂದ ಅದುಮಿಟ್ಟದ್ದೆಲ್ಲ ಒಮ್ಮೆಗೇ ಉಕ್ಕಿತು. “ಸುರಿದು ಬಿಡು. ಬಾಗಿಲಿನವನಿಗೆ ಬೇಡವಂತೆ ಅಂತ ಆಡಿಗೆ ಹೇಳು!”

ಹೆಂಗಸರೆಲ್ಲ ಅವನತ್ತ ತಿರುಗಿದರು. ತಲಾತು ಲಾರೈಯನ್ನು ಬೇರೆ ಒರಳು ಹುಡುಕಲು ಅಟ್ಟಿದಳು. ಉಳಿದವರನ್ನು ಕಣ್ಣಲ್ಲೇ ಚದುರಿಸಿ, ಅವನ ತೋಳು ಹಿಡಿದು ಎಳೆದಳು.

“ಕೂತ್ಕೋ ಇಲ್ಲಿ. ನಾನೂ ನಿಮ್ಮಮ್ಮನೂ ಎದುರಾಬದುರು ನಿಂತು ಕುಟ್ಟೋರು, ಗೊತ್ತಲ್ಲ. ನನ್ನ ಒನಕೆ ಎದ್ದಾಗ ಅವಳದು ಬೀಳ್ತಿತ್ತು. ಬೀಳೋ ಹೊತ್ತಿಗೆ ಸರಿಯಾಗಿ ಅವಳ ಬಾಯಿ ಆಡ್ತಿತ್ತು. ಮೊದಮೊದಲು ಹಾಡ್ತಾಳೆ ಅಂದ್ಕೊಂಡೆ. ಒಂದಿನ ಬೇಕಂತಲೇ ನನ್ನ ಒನಕೆ ತಡೆದು ಹಿಡಿದೆ. ಕೇಳಿಸ್ತು.”

“ಏನು?”

“ಹಬೀಬು. ಧಡ್ ಅಂತ ಬೀಳುತ್ತಲ್ಲ, ಆ ಸದ್ದಿನಡಿಗೆ. ಪ್ರತಿ ಪೆಟ್ಟಿಗೂ.”

ಅವನು ಅವಳನ್ನೇ ನೋಡಿದ. “ಸಮಾಧಾನಕ್ಕೆ ಹೇಳ್ತಿದೀಯಾ ಚಿಕ್ಕಮ್ಮ.”

“ನಿನ್ನ ಸಮಾಧಾನ ಕಟ್ಕೊಂಡು ನನಗೇನು? ಇಲ್ಯಾಸು ಡಬ್ಬ ಮಧ್ಯಾಹ್ನದೊಳಗೆ ಮುಗೀತಿತ್ತು. ನಿನ್ನದು ಶುರು ಮಾಡಿದ್ರೆ ಮುಗಿಯೋದೇ ಇಲ್ಲ. ಸಣ್ಣಗಾಯ್ತು, ಸಾಕು ಬಿಡೇ, ರೆಟ್ಟೆ ಬಿದ್ದುಹೋಯ್ತು ಅಂದ್ರೆ, ಇಲ್ಲ ಇನ್ನೂ ತರಿ ಇದೆ ಅನ್ನೋಳು. ಎಲ್ಲಿಯ ತರಿ? ಊದಿದ್ರೆ ಹಾರಿಹೋಗೋ ಹಾಗಿರ್ತಿತ್ತು.”

ಹಬೀಬುವಿಗೆ ತನ್ನ ಬೆರಳುಗಳ ನಡುವೆ ಆ ಪುಡಿಯ ನುಣುಪು ನೆನಪಾಯಿತು. ಎಷ್ಟು ವರ್ಷ ಅದನ್ನು ಮಾಂಸಕ್ಕೆ ಸವರಿ ಮಾರಿದ್ದ!

“ಒಂದು ಮಾತು ಮೊದಲೇ ಹೇಳಬಾರದಿತ್ತಾ?”

“ಹೇಳೋದಾ? ಅವಳೂ ನಾನೂ ಜಗಳ ಆಡದ ದಿನ ಇಲ್ಲ. ನನ್ನ ತವರನ್ನೂ ಬಿಡ್ಲಿಲ್ಲ ಅವಳು. ಆಗೆಲ್ಲ ನಾಲಿಗೆ ತುದಿಗೆ ಬಂದಿತ್ತು ಈ ಮಾತು. ಬೀದಿ ಬಾಗಿಲಲ್ಲಿ ನಿಂತು ಒಂದ್ಸಲ ಅಂದಿದ್ರೆ ಅವಳು ತಲೆ ಎತ್ಕೊಂಡು ತಿರುಗೋ ಹಾಗಿರ್ಲಿಲ್ಲ. ಸವತಿ ಇರಬಹುದು, ಅಷ್ಟು ಕೆಟ್ಟೋಳಲ್ಲ ನಾನು.” ಸೆರಗಿನಿಂದ ಮೂಗೊರೆಸಿಕೊಂಡಳು. “ಇವತ್ತು ಎರಡು ಪೆಟ್ಟು ತಪ್ಪಿಸಿದಳು. ಏನೇ, ನಿದ್ದೆನಾ ಅಂದೆ. ಒನಕೆ ಹಿಡ್ಕೊಂಡೇ ಕೂತಳು.”

ಹಬೀಬು ಒರಳಿನೊಳಗೆ ಬಾಗಿ ನೋಡಿದ. ಶುಂಠಿಯ ಘಾಟು ಇನ್ನೂ ಹಸಿಯಾಗಿತ್ತು.

“ಹೋಗು, ಜನ ಬಂದಿದಾರೆ,” ಎಂದಳು ತಲಾತು. “ಇದನ್ನ ನಾನು ಮುಗಿಸ್ತೀನಿ.”

ಹಬೀಬು ಬಂದು ಚಾಪೆಯ ಮೇಲೆ ಕೂತ. ಈ ಸಲ ಏಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಒಳಗೆ ಒನಕೆಯ ಸದ್ದು ಶುರುವಾಯಿತು. ಅಂಗೈ ಎತ್ತಿ ಬೇಡುತ್ತಿದ್ದ ಮುದುಕನೊಬ್ಬ ನಡುವೆಯೇ ನಿಲ್ಲಿಸಿ ಹುಬ್ಬು ಗಂಟಿಕ್ಕಿದ.

“ಸಾವಿನ ಮನೇಲಿ ಇವತ್ತೇ ಒನಕೆ ಹಿಡಿದೋರು ಯಾರಪ್ಪ?”

ಜೋಡಿ ಕೈಗೆ ಒಗ್ಗಿದ್ದ ತಲಾತು ಒಂಟಿಯಾಗಿ ಕುಟ್ಟುತ್ತಿದ್ದಳು. ಒಂದು ಪೆಟ್ಟು ಬೀಳುತ್ತಿತ್ತು. ಇನ್ನೊಬ್ಬಳ ಒನಕೆ ಬೀಳಬೇಕಾದಷ್ಟು ಹೊತ್ತು ಬಿಟ್ಟು ಮತ್ತೊಂದು. ಶೇಹು ಏನೋ ಗೇಲಿ ಮಾಡಲು ಹಬೀಬುವಿನ ಕಡೆ ಬಾಗಿದವನು ಹಾಗೆಯೇ ಉಳಿದ. ಪೆಟ್ಟು ಪೆಟ್ಟಿನ ನಡುವಿನ ಆ ಖಾಲಿ ಜಾಗದಲ್ಲಿ, ಕಣ್ಣು ಮುಚ್ಚಿ, ಪಕ್ಕದವನಿಗಷ್ಟೇ ಕೇಳುವಂತೆ, ಹಬೀಬು ಓಗೊಡುತ್ತಿದ್ದ.

“ಓ... ಓ... ಓ...”