ಬ್ರೆಸ್ತ್ ಕೊಲ್ಲಿಯ ಬಾಯಲ್ಲಿ

ಹೊಗೆ, ಆದರೆ ಫಿರಂಗಿ ಮದ್ದಿನದಲ್ಲ, ಮದ್ದಿನ ಹೊಗೆ ನಾಲಗೆಗೆ ಹತ್ತುತ್ತದೆ, ಇದು ಗಂಟಲಿಗೆ ಇಳಿಯುವ ಹೊಗೆ, ದಂಡೆಯುದ್ದಕ್ಕೂ ಗುಂಡಿ ತೋಡಿ, ಗಾಜು ಮಾಡುವವರಿಗೆ ಮಾರುವ ಬೂದಿಗಾಗಿ ಕಡಲಪಾಚಿ ಸುಡುತ್ತಿದ್ದಾರೆ, ಲಂಗ ಎತ್ತಿ ಸಿಕ್ಕಿಸಿಕೊಂಡ ಹೆಂಗಸರು, ಉದ್ದ ಕೋಲು ಹಿಡಿದ ಗಂಡಸರು, ಪ್ರತಿ ಬೇಸಿಗೆಯಲ್ಲೂ ಹೀಗೆಯೇ, ಅಂದರೆ ನೆಲದ ಮೇಲೆ ಪಾಚಿ ಸುಡುವುದಕ್ಕೆ ಜನ ಉಳಿದಿದ್ದಾರೆ, ಎಲ್ಲರ ತಲೆಯೂ ಉರುಳಿಲ್ಲ — ಛೆ, ಎಂಥ ಯೋಚನೆ, ಕೈ ಹಿಂದಕ್ಕೆ ಕಟ್ಟಿಕೋ ಗೊನೆರಿ, ಬೆರಳು ನಡುಗುವುದನ್ನು ಚುಕ್ಕಾಣಿಯವನು ನೋಡಿಯಾನು. ಎಡಕ್ಕೆ ಸನ್ಯಾಸಿಗಳಿಲ್ಲದ ಸೆಂ-ಮಾತಿಯೋ ಮಠ, ಅದರಾಚೆ ಇಕ್ಕಟ್ಟಾದ ಕಡಲಗಂಡಿ, ಗಂಡಿ ದಾಟಿದರೆ ಬ್ರೆಸ್ತ್ ಕೊಲ್ಲಿ, ಕೊಲ್ಲಿಯ ದಡಕ್ಕೆ ಕೋಟೆ, ಕೋಟೆಯ ಬಳಿ ಚೌಕ, ಚೌಕದಲ್ಲಿ ತಲೆ ಕತ್ತರಿಸುವ ಆ ಯಂತ್ರ, ನನ್ನ ಹೆಂಡತಿ ಅಝೆನೋರಳ ಅಣ್ಣನನ್ನು ವಸಂತದಲ್ಲಿ ಅದರ ಕೆಳಗೆ ಮಲಗಿಸಿದರು, ಅವಳು ಅಂದಿನಿಂದ ಆ ಬೀದಿಯಲ್ಲಿ ಕಾಲಿಟ್ಟಿಲ್ಲ. ಕಡಲಿಗೆ ನಾನು ಎಂದೂ ಹೀಗೆ ಹೆದರಿರಲಿಲ್ಲ — ಸುಳ್ಳು, ಹೆದರಿದ್ದೆ, ನೌಕಾಪಡೆಯ ಶಾಲೆಗೆ ಸೇರಿದ ಮೊದಲ ದಿನದಿಂದಲೂ ಹೆದರಿದ್ದೆ, ಶ್ರೀಮಂತರ ಮಕ್ಕಳು ನಾವು, ನಮಗೆ ನರ್ತನ ಕಲಿಸಲು ಮೇಷ್ಟರಿದ್ದರು, ಕತ್ತಿ ವರಸೆಗೆ ಒಬ್ಬರು, ಲೆಕ್ಕಕ್ಕೆ ಒಬ್ಬರು, ಹೆದರದೆ ಇರುವುದು ಹೇಗೆ ಎಂದು ಕಲಿಸಲು ಮಾತ್ರ ಯಾರೂ ಇರಲಿಲ್ಲ. ಉಯೆಸ್ಸಾಂ ದ್ವೀಪದ ಆಚೆ ಇಂಗ್ಲಿಷರೊಡನೆ ಆದ ಕಾಳಗ, ನನ್ನ ಪಕ್ಕದಲ್ಲಿ ನಿಂತಿದ್ದವನು ಇದ್ದ, ಆಮೇಲೆ ಇರಲಿಲ್ಲ, ಅವನ ಬಿಸಿ ರಕ್ತ ನನ್ನ ಮುಖದ ಮೇಲೆ, ನಾನು ಓಡಬೇಕೆಂದುಕೊಂಡೆ, ಕಾಲು ಬರಲಿಲ್ಲ, ಕಂಬದಂತೆ ನಿಂತೇ ಇದ್ದೆ, ಹೊಗೆ ಕರಗಿದ ಮೇಲೆ ನಮ್ಮ ಕಪ್ತಾನರು ಭುಜ ತಟ್ಟಿ, ನೋಡ್ರೋ ಈ ಎಳೆಯನನ್ನ, ಬಂಡೆ ಹಾಗೆ ನಿಂತವ್ನೆ, ಕಲೀರಿ, ಎಂದರು. ಅದೇ ನನ್ನ ಇಡೀ ನೌಕರಿ, ಅಂದು ಕಾಲು ಬರದೆ ಹೋದದ್ದೇ ನನ್ನನ್ನು ಮೇಲಕ್ಕೆ ಹತ್ತಿಸಿತು, ಮಾರ್ತಿನೀಕ್‌ನ ಬಿರುಗಾಳಿಯಲ್ಲಿ ಬಾಯಿ ಕಟ್ಟಿ ನಿಂತಿದ್ದೆ, ಎಷ್ಟು ಶಾಂತ ಮನುಷ್ಯ ಎಂದರು, ರಾಜನ ಪದಕ ಬಂತು, ಅಝೆನೋರ್ ಅದನ್ನು ಈಗ ದಿಂಬಿನೊಳಗೆ ಹೊಲಿದಿಟ್ಟಿದ್ದಾಳೆ. ಕ್ರಾಂತಿಯಲ್ಲಿ ರಾಜನ ತಲೆಯೇ ಹೋದ ಮೇಲೆ ಜೊತೆಯವರೆಲ್ಲ ಗಡಿ ದಾಟಿದರು, ನಾನು ಉಳಿದೆ, ದೇಶಪ್ರೇಮಿ ಎಂದರು, ಎಲ್ಲಿಯ ದೇಶಪ್ರೇಮ, ಗೊತ್ತಿಲ್ಲದ ಊರು, ಗೊತ್ತಿಲ್ಲದ ಮಾತು, ಹೊರಡುವುದಕ್ಕೇ ಭಯವಾಗಿತ್ತು. ಗೊನೆರಿ ದ ಕೆರ್ವೆನಾನ್ ಈಗ ಬರೀ ಕೆರ್ವೆನಾನ್, ದೊಡ್ಡ ಮನೆತನದ ಹುಟ್ಟು ಹೇಳುತ್ತಿದ್ದ ನಡುವಿನ ‘ದ’ ಅಕ್ಷರವನ್ನು ಕಿತ್ತುಹಾಕಿದರು, ಹಡಗಿಗೂ ಹಾಗೆಯೇ, ದೊರೆಸಾನಿ ‘ಕೊಂತೆಸ್’ ಆಗಿದ್ದವಳು ಈಗ ನಾಗರಿಕಳು ‘ಸಿತ್ವಾಯೆನ್’, ಬಣ್ಣ ಬಳಿದು ಮುಚ್ಚಿದರೂ ಬಿಸಿಲು ಓರೆಯಾಗಿ ಬಿದ್ದರೆ ಹಳೆಯ ಅಕ್ಷರಗಳು ಎದ್ದು ಕಾಣುತ್ತವೆ.

ಹಗ್ಗದ ಏಣಿ ಸದ್ದು ಮಾಡುತ್ತಿದೆ, ಫಾಂಶ್ ಬಂದ, ಕೊಂಕೆ ಊರಿನ ಮುದುಕ, ಈ ಬಂಡೆಗಳ ನಡುವೆ ಹಡಗುಗಳಿಗೆ ದಾರಿ ತೋರಿಸಿ ಒಳಗೆ ಕರೆದೊಯ್ಯುವುದು ಅವನ ಕಸುಬು, ಟೋಪಿ ತೆಗೆಯಲು ಕೈ ಎತ್ತಿದವನು, ಈಗ ಹಾಗೆ ಮಾಡುವಂತಿಲ್ಲವೆಂದು ನೆನಪಾಗಿ, ತಲೆ ಕೆರೆದುಕೊಂಡ. ಏನಪ್ಪಾ ನಾಗರಿಕ ಕಪ್ತಾನ, ಚೆನ್ನಾಗಿದೀಯಾ, ಇಷ್ಟು ವರ್ಷ ಧಣೀ ಅಂತಿದ್ದ ನಾಲಗೆ ನೋಡು, ನೀನು ಅನ್ನೋಕೆ ತಿಣುಕ್ತದೆ, ಅನ್ನದೆ ಇದ್ರೆ ಅದಕ್ಕೂ ಒಂದು ವಿಚಾರಣೆ ಇಡ್ತಾರೆ. ಊರಲ್ಲಿ ಏನು ಸುದ್ದಿ ಫಾಂಶ್. ಸುದ್ದಿ ಏನು ಬಂತು, ರೊಟ್ಟಿ ಇಲ್ಲ, ಬೆಣ್ಣೆ ಇಲ್ಲ, ಭಾಷಣ ಬೇಕಾದಷ್ಟಿದೆ, ಹೊಟ್ಟೆ ತುಂಬ ಕೇಳಬಹುದು. ನನ್ನ ಮನೆ? ಮನೆ ಐತೆ, ನಿನ್ನ ಹೆಂಡ್ತಿ ಅವಳೆ, ಬಾಗಿಲಿಗೆ ಜಪ್ತಿ ಮೊಹರು ಹಾಕಿಲ್ಲ. ಉಸಿರು ಬಿಟ್ಟೆ, ಬಿಡುವಷ್ಟರಲ್ಲಿ ಅವನು ಹತ್ತಿರ ಬಂದು, ಬಾಯಿಂದ ಸೇಬಿನ ಹೆಂಡದ ಹುಳಿ ನಾತ, ನೀನು ಹಿಡಿದು ಕಳಿಸಿದ್ಯಲ್ಲ ಆ ಇಂಗ್ಲಿಷ್ ಹಡಗು, ಅದನ್ನ ತಂದ ನಿನ್ನ ಜನ ಹೆಂಡದಂಗಡೀಲಿ ಕೂತು ಬಾಯಿಗೆ ಬಂದದ್ದೆಲ್ಲ ಆಡವ್ರೆ, ಇಂಗ್ಲಿಷರನ್ನ ಕೊಲ್ಲದೆ ಬಿಟ್ರಂತೆ, ನೀರು ಬಿಸ್ಕತ್ತು ಕೊಟ್ಟು ದೋಣಿ ಹತ್ತಿಸಿದ್ರಂತೆ, ಹೌದಾ? ಕ್ರಾಂತಿ ಸಮಿತಿಯೋರು ಕಾಯ್ತಾ ಕೂತವ್ರೆ, ಹಡಗು ಬರ್ತಿದ್ದಂಗೆ ಒಬ್ಬ ಅಧಿಕಾರೀನ ಇಳಿಸ್ಕೊಂಡು ಹೋಗ್ತಾರಂತೆ. ಯಾರನ್ನ. ಅದು ನಂಗೇನು ಗೊತ್ತು, ನಾನು ಬಂಡೆ ನೋಡೋನು — ಏಯ್, ಸ್ವಲ್ಪ ಬಲಕ್ಕೆ ತಿರುಗ್ಸೋ, ಎಲ್ಲಿ ನೋಡ್ತಿದೀಯ.

ಒಬ್ಬ ಅಧಿಕಾರಿ, ಅಂದರೆ ನಾನು, ಇನ್ಯಾರು. ಇಂಗ್ಲಿಷರನ್ನು ಸೆರೆ ಹಿಡಿಯಕೂಡದು, ಕೈಗೆ ಸಿಕ್ಕವರನ್ನು ಕೊಲ್ಲಬೇಕು — ಪ್ಯಾರಿಸ್ಸಿನ ಆಜ್ಞೆ, ಕಡಲಿನಲ್ಲಿದ್ದ ನಮಗೂ ತಲುಪಿತ್ತು, ಎಲ್ಲರನ್ನೂ ಹಡಗಿನ ಮೇಲಟ್ಟಕ್ಕೆ ಕರೆಸಿ ನಾನೇ ಗಟ್ಟಿಯಾಗಿ ಓದಿ ಹೇಳಿದ್ದೆ, ಕೆಲವರು ಜೈ ಎಂದರು, ಕೆಲವರು ಪಾದ ನೋಡಿಕೊಂಡರು. ಆಮೇಲೆ ಸಿಕ್ಕಿತು ಆ ಸರಕಿನ ಹಡಗು, ಒಂದು ಗುಂಡಿಗೇ ಬಾವುಟ ಇಳಿಸಿತು, ಅದರ ಜನರನ್ನು ನಮ್ಮ ಅಟ್ಟದ ಮೇಲೆ ಸಾಲಾಗಿ ನಿಲ್ಲಿಸಿದರು, ಅಡುಗೆಯವನ ಕೈಯಲ್ಲಿ ಇನ್ನೂ ಸೌಟು, ಅದರಿಂದ ಗಂಜಿ ತೊಟ್ಟಿಕ್ಕುತ್ತಿತ್ತು, ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಅವರೂ, ನಮ್ಮವರೂ, ನಾನು ಬಾಯಿ ತೆರೆದರೆ ದನಿಯೇ ಇಲ್ಲ, ಪಕ್ಕದಲ್ಲಿದ್ದ ಬೊದ್ರೂವಿನ ಕಿವಿಗೆ ಮಾತ್ರ ಹೇಳಿದೆ, ಅವರ ದೋಣಿ ಇಳಿಸು, ನೀರು ಕೊಡು, ಕಳಿಸಿಬಿಡು. ಬೊದ್ರೂ, ನನ್ನ ಕೈಕೆಳಗಿನ ಅಧಿಕಾರಿ, ಸೆಂ-ಮಾಲೋದಲ್ಲಿ ಮೀನಿಗೆ ಉಪ್ಪು ಹಾಕುವವನ ಮಗ, ವ್ಯಾಪಾರಿ ಹಡಗುಗಳಲ್ಲಿ ಬೆಳೆದವನು, ಹಳೆಯ ಕಾಲದಲ್ಲಿ ನಾವು ಅಂಥವರ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ, ಅವನು ಒಂದು ಕ್ಷಣ ನನ್ನನ್ನು ನೋಡಿ, ಎದೆಯುಬ್ಬಿಸಿ, ತನ್ನದೇ ಆಜ್ಞೆ ಎಂಬಂತೆ ಕೂಗಿದ — ಇಳಿಸ್ರೋ ಇವರ ದೋಣಿ, ನೀರಿನ ಪೀಪಾಯಿ ತನ್ನಿ, ಏನ್ ನೋಡ್ತೀರ, ಕಿವುಡ್ರಾ! ಹಡಗಿಡೀ ಕೇಳಿದ್ದು ಅವನ ದನಿ. ಆಮೇಲೆ ಕೇಳಿದೆ, ಯಾಕಪ್ಪಾ ಹಾಗೆ ಕೂಗಿದೆ, ಕಪ್ತಾನರ ಅಪ್ಪಣೆ ಅನ್ನಬಹುದಿತ್ತಲ್ಲ. ನಕ್ಕ. ನನ್ನ ಗಂಟಲು ದೊಡ್ಡದು ಬಿಡಿ, ಮೀನಿನೋನ ಮಗನ್ನ ಯಾರು ಏನು ಮಾಡ್ತಾರೆ, ನಿಮ್ಮ ಕುತ್ತಿಗೇನೇ ಅವರ ಕಣ್ಣು ಕುಕ್ಕೋದು. ಇಬ್ಬರೇ ಇದ್ದಾಗ ಅವನು ನನಗೆ ನೀವು ಎನ್ನುತ್ತಾನೆ, ಬೇಡವೆಂದರೂ.

ಈಗಲೂ ಪಕ್ಕಕ್ಕೆ ಬಂದು ನಿಂತಿದ್ದಾನೆ, ದುರ್ಬೀನು ಹಿಡಿದು ಏನನ್ನೋ ನೋಡುವವನಂತೆ, ತುಟಿ ಅಲ್ಲಾಡಿಸದೆ ಮಾತಾಡುತ್ತಾನೆ, ಮುದುಕ ಹೇಳಿದ್ದು ಕೇಳಿಸ್ಕೊಂಡೆ, ಗಾಳಿ ಸಾಯ್ತಾ ಇದೆ ನೋಡಿ, ಉಬ್ಬರ ತಪ್ಪೋಯ್ತು ಅಂತ ಹೊರಗೇ ನಿಂತುಬಿಡೋಣ, ಯಾರೂ ಕೇಳಲ್ಲ, ಕತ್ತಲಾದ ಮೇಲೆ ಮೀನುದೋಣಿಯೋರಿಗೆ ಹೇಳಿ ನಿಮ್ಮನ್ನ ಆಚೆ ದಂಡೆಗೆ ದಾಟಿಸ್ತೀನಿ, ಒಂದು ಮಾತು ಹೇಳಿ ಸಾಕು. ಒಂದು ಮಾತು, ಎಷ್ಟು ಸುಲಭ, ಇಂಗ್ಲಿಷರ ಊರಲ್ಲಿ ಒಂದು ಬಾಡಿಗೆ ಕೋಣೆ, ಕುತ್ತಿಗೆಯ ಮೇಲೆ ತಲೆ, ಆದರೆ ಅಝೆನೋರ್, ಓಡಿಹೋದವನ ಹೆಂಡತಿಯನ್ನು ಮಾರನೆಯ ದಿನವೇ ಎಳೆದೊಯ್ಯುತ್ತಾರೆ, ಅದಲ್ಲದೆ ಕೆಳಗಿನ ಅಟ್ಟ, ಅಲ್ಲಿಂದ ಬರುವ ವಾಸನೆ ಈ ಪಾಚಿಹೊಗೆಯಲ್ಲೂ ಮೂಗಿಗೆ ಬಡಿಯುತ್ತಿದೆ, ಹಸಿ ಸೊಪ್ಪು ತರಕಾರಿ ಕಾಣದೆ ವಸಡು ಕೊಳೆತು ಹಲ್ಲು ಸಡಿಲವಾದವರು, ಬಿಸ್ಕತ್ತು ಕಚ್ಚಲಾರದೆ ನೀರಿನಲ್ಲಿ ನೆನೆಸಿ ಚೀಪುವವರು, ಬೆಳಿಗ್ಗೆ ಇಳಿದುಹೋಗಿ ನೋಡಿದೆ, ಒಬ್ಬ ನನ್ನ ಕೋಟಿನ ಅಂಚು ಹಿಡಿದು, ನೆಲ ಕಾಣ್ತಾ ಕಪ್ತಾನ, ಸೊಪ್ಪು ಸಿಗ್ತದಾ, ಈರುಳ್ಳಿ ಸಿಗ್ತದಾ, ಒಂದು ಹಸೀ ಈರುಳ್ಳಿ ತಿಂದು ಸಾಯ್ತೀನಿ ಸಾಕು ಎಂದ. ಹೊರಗೆ ನಿಂತರೆ ಅವನು ಈರುಳ್ಳಿ ಇಲ್ಲದೆ ಸಾಯುತ್ತಾನೆ, ಒಳಗೆ ಹೋದರೆ ನಾನು — ಬೇಡ, ಯೋಚಿಸಬೇಡ, ಯೋಚಿಸಿದರೆ ಕಾಲು ಮತ್ತೆ ಕಂಬವಾಗುತ್ತದೆ. ಒಳಗೆ ಹೋಗೋಣ ಬೊದ್ರೂ. ಏನಂದ್ರಿ? ಒಳಗೆ. ಅವನು ದುರ್ಬೀನು ಮಡಚಿದ, ನಿಮ್ಮಿಷ್ಟ, ಎಂದು ಒರಟಾಗಿ ಹೇಳಿ ಹೋದ, ಬೆನ್ನು ಸಿಟ್ಟಿನಿಂದ ಗಡುಸಾಗಿತ್ತು. ಗಂಡಿ ಹತ್ತಿರವಾಯಿತು, ಎರಡೂ ಕಡೆ ಫಿರಂಗಿಗಳ ಬಾಯಿ, ನಮ್ಮವೇ ಫಿರಂಗಿಗಳು, ಉಬ್ಬರದ ನೀರು ಹಡಗನ್ನು ಒಳಗೆ ಎಳೆದುಕೊಳ್ಳುತ್ತಿದೆ, ಗಾಳಿ ಬೇಕಿಲ್ಲ, ಹಾಯಿ ಬೇಕಿಲ್ಲ, ನುಂಗುತ್ತಿದೆ, ಫಾಂಶ್ ಹಾಡು ಗುನುಗುತ್ತಿದ್ದಾನೆ. ಕೊಲ್ಲಿ ತೆರೆದುಕೊಂಡಿತು, ಎಷ್ಟು ಬೆಳಕು, ನೀರೆಲ್ಲ ತಗಡಿನಂತೆ ಹೊಳೆಯುತ್ತಿದೆ, ಲಂಗರು ಬಿಟ್ಟರು, ಅದರ ದಪ್ಪ ಹಗ್ಗ ತೂತಿನಲ್ಲಿ ಉಜ್ಜಿಕೊಂಡು ಓಡುವ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು.

ದೋಣಿ ಆಗಲೇ ಹೊರಟಿದೆ, ಕೋಟೆಯ ಕೆಳಗಿನಿಂದ, ಹುಟ್ಟುಗಳು ಏಳುತ್ತವೆ, ಬೀಳುತ್ತವೆ, ಗಾಳಿ ಎದ್ದಿದೆ ಈಗ, ಬೇಕಾದಾಗ ಬರದ ಗಾಳಿ, ಅಲೆಗಳು ದೋಣಿಯೊಳಕ್ಕೆ ಸಿಡಿಯುತ್ತಿವೆ, ನೀಲಿ ಕೋಟಿನ ಸಿಪಾಯಿಗಳು ತೊಯ್ದ ಕೋಳಿಗಳಂತೆ ಕೂತಿದ್ದಾರೆ, ಹಿಂಬದಿಯಲ್ಲಿ ಮೂರು ಬಣ್ಣದ ನಡುಪಟ್ಟಿಯ ಒಬ್ಬ. ಓಡಲೇ, ಎಲ್ಲಿಗೆ, ಹಾಯಿಯ ಕೂವೆಮರ ಹತ್ತಲೇ, ನಗು ಬಂತು, ನಗು ಅಲ್ಲ ಅದು, ಬಿಕ್ಕಳಿಕೆ. ಅವನು ಹತ್ತಿ ಬಂದ, ಸಮಿತಿಯ ದ್ಯುರೀಯೆ ನಾನು ಎಂದ, ಮುಖ ಹಸಿರುಗಟ್ಟಿದೆ, ಅಷ್ಟು ಚಿಕ್ಕ ದೋಣಿ ಪ್ರಯಾಣಕ್ಕೇ ಹೊಟ್ಟೆ ತೊಳಸಿದೆ ಪಾಪ, ಪಕ್ಕದ ಹಗ್ಗ ಹಿಡಿದುಕೊಂಡೇ ಕೇಳಿದ, ಬೊದ್ರೂ ಅನ್ನೋನು ಯಾರು? ಬೊದ್ರೂ. ಬೊದ್ರೂ ಎಂದ, ನನ್ನ ಹೆಸರಲ್ಲ, ಮತ್ತೊಮ್ಮೆ ಹೇಳಲಿ, ಹೇಳಿದ, ಸೆರ್ವಾನ್ ಬೊದ್ರೂ, ಇಂಗ್ಲಿಷರನ್ನ ಬಿಟ್ಟು ಕಳಿಸಿದ ದ್ರೋಹಿ, ಎಲ್ಲಿ? ನಾನಲ್ಲ, ನಾನಲ್ಲ, ಇವತ್ತು ಮನೆಗೆ ಹೋಗುತ್ತೇನೆ, ಅಝೆನೋರ್ ಕಾವಲಿಯ ಮೇಲೆ ಕರಿಗೋಧಿಯ ದೋಸೆ ಹರಡುತ್ತಾಳೆ, ಮೇಲೊಂದು ಮೊಟ್ಟೆ ಒಡೆದು ಹಾಕುತ್ತಾಳೆ, ನಾನು ತಿನ್ನುತ್ತೇನೆ, ಇದನ್ನೆಲ್ಲ ಒಂದು ಉಸಿರಿನಲ್ಲಿ ಕಂಡೆ, ಎಷ್ಟು ಸಂತೋಷ, ದೇವರೇ, ಎಂಥ ಸಂತೋಷ. ಬೊದ್ರೂ ಮುಂದೆ ಬಂದ, ನಾನೇ ಅಪ್ಪಾ, ಕೂಗಿದ್ದು ಇದೇ ಗಂಟಲು, ನಡಿ, ದೋಣೀಲಿ ವಾಂತಿ ಮಾಡ್ಕೊಂಡ್ಯಾ ಹೆಂಗೆ, ಮುಖ ಒರೆಸ್ಕೋ, ಎಂದ, ಯಾರೋ ಕಿಸಕ್ಕೆಂದರು, ಅವನು ನನ್ನ ಕಡೆ ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ, ಹೆಣ್ಣುಮಕ್ಕಳ ತಂದೆ ಅವನು, ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾನೆ, ಮೇಲಿನದು, ಅದರ ಕೆಳಗಿನದು, ಬೆರಳು ತಪ್ಪುತ್ತಿದೆ, ಮೀನಿನವನ ಮಗನಿಗೂ ಬೆರಳು ನಡುಗುತ್ತದೆ, ಇಷ್ಟು ದಿನ ನನಗೆ ತಿಳಿಯಲೇ ಇಲ್ಲ. ಆಜ್ಞೆ ನನ್ನದು. ಯಾರೋ ಹೇಳಿದರು, ತೆಳ್ಳನೆಯ ಕೀರಲು ದನಿ, ಎಲ್ಲರೂ ನನ್ನತ್ತ ತಿರುಗಿದ್ದಾರೆ. ಏನಂದೆ? ದ್ಯುರೀಯೆ ಕಿವಿ ಮುಂದೆ ಮಾಡಿದ, ಗಾಳಿ ಇದೆ, ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳು. ಮೊದಲ ಸಲ ಬಾಯಿ ಜಾರಿತ್ತು ಎನ್ನಬಹುದಿತ್ತು, ಎರಡನೆಯ ಸಲ ಹೇಳುವವನು ನಾನೇ ಆಗಬೇಕು, ಸುಮ್ಮನಿರಬಹುದು, ಏನೂ ಇಲ್ಲ ಎನ್ನಬಹುದು, ಗಾಳಿ ಎನ್ನಬಹುದು, ಮೊಟ್ಟೆ, ದೋಸೆ, ಅಝೆನೋರಳ ಕೈ — ಆಜ್ಞೆ ನನ್ನದು, ನಾನು ಕಪ್ತಾನ, ಇವನ ಕಿವಿಗೆ ಹೇಳಿದೆ, ಇವನು ಕೂಗಿದ, ಅಷ್ಟೇ ಇವನ ಕೆಲಸ. ಅಯ್ಯೋ, ಯಾಕ್ರೀ ಬಾಯಿ ಬಿಟ್ರಿ, ಬೊದ್ರೂ ಗದರಿದ, ಕಣ್ಣಲ್ಲಿ ನೀರು, ಯಾರ್ರೀ ನಿಮ್ಮನ್ನ ಕೇಳಿದ್ರು! ಯಾಕ್ರೀ, ಯಾರ್ರೀ, ದ್ಯುರೀಯೆ ಹುಬ್ಬೇರಿಸಿದ, ಇಲ್ಲಿ ಇನ್ನೂ ‘ರೀ’ ನಡೀತಿದೆಯೇನು? ಅವನು ಒಮ್ಮೆ ಬೊದ್ರೂನನ್ನು ನೋಡಿದ, ಒಮ್ಮೆ ನನ್ನನ್ನು, ಮೀನುಪೇಟೆಯಲ್ಲಿ ಆರಿಸುವವನಂತೆ, ಶ್ರೀಮಂತನೇ ಒಪ್ಕೊಂಡ ಮೇಲೆ ಮೀನಿನೋನು ನಂಗ್ಯಾಕೆ, ಇವನು ಹಡಗು ನೋಡ್ಕೊಳ್ಳಲಿ, ರೋಗಿಗಳನ್ನ ದಡಕ್ಕೆ ಇಳಿಸಲಿ, ನೀನು ನಡಿ ಕೆರ್ವೆನಾನ್. ಈರುಳ್ಳಿ ಕೊಡಿಸು ಅವನಿಗೆ, ಎಂದೆ ಬೊದ್ರೂಗೆ, ಯಾರಿಗೆಂದು ಅವನಿಗೆ ಅರ್ಥವಾಗಲಿಲ್ಲ, ಆದರೂ ತಲೆ ಆಡಿಸಿದ. ಭಯ ಹೋಗಿಲ್ಲ, ಹೋಗುತ್ತದೆ ಎಂದುಕೊಂಡಿದ್ದೆ, ನಿಜ ಹೇಳಿದವನಿಗೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಇಲ್ಲ, ಎದೆಯ ಒಳಗೆ ಹೊಡೆದುಕೊಳ್ಳುತ್ತಲೇ ಇದೆ, ಆದರೆ ಕಾಲು ನಡೆಯುತ್ತಿದೆ, ಆಶ್ಚರ್ಯ, ಇಷ್ಟು ವರ್ಷಗಳ ಮೇಲೆ ಕಾಲು ನಡೆಯುತ್ತಿದೆ, ಅಂಚಿಗೆ ಬಂದೆ, ಬಗ್ಗಿ ನೋಡಿದೆ, ಕೆಳಗೆ ದೋಣಿ ಏಳುತ್ತಿದೆ, ಇಳಿಯುತ್ತಿದೆ, ಸಿಪಾಯಿಗಳು ತೊಯ್ದಿದ್ದಾರೆ, ಬಂದೂಕು ತೊಯ್ದಿದೆ, ಹಲಗೆಗಳೆಲ್ಲ ನೀರಿನಲ್ಲಿ ಕಪ್ಪಾಗಿವೆ, ಹಿಂಬದಿಯಲ್ಲಿ ಇಬ್ಬರು ಸಿಪಾಯಿಗಳ ನಡುವೆ ದ್ಯುರೀಯೆ ಕೂತು ಬಂದ ಜಾಗ ಮಾತ್ರ ಬೆಳ್ಳಗೆ, ಒಣಗಿ, ಒಬ್ಬ ಮನುಷ್ಯನ ಅಗಲಕ್ಕೆ, ಇಳಿ ಇಳಿ ಎನ್ನುತ್ತಿದ್ದಾರೆ, ದೋಣಿ ಏಳುತ್ತಿದೆ, ಆ ಒಣ ಹಲಗೆ, ಇಳಿಯುತ್ತಿದೆ, ಅಲೆ ಸಿಡಿಯಿತು, ಒಂದು ಹನಿ ಅದರ ಮೇಲೆ, ಪಕ್ಕದಲ್ಲಿ ಇನ್ನೊಂದು, ಆದರೂ ಇನ್ನೂ ಒಣಗಿದೆ, ಒಬ್ಬ ಕೂರುವಷ್ಟು, ಆ ಹಲಗೆ, ಒಣ ಹಲಗೆ —