ತೊಟ್ಟಿಲು ಕಟ್ಟುವ ತೊಲೆ

ಬನವಾಸಿ ಪೇಟೆಯ ಹೊರಗೆ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಶಿವಲಿಂಗಪ್ಪ ಅನಾನಸು ಕೊಳ್ಳುತ್ತಿದ್ದ. ಕೊಳ್ಳುವುದೆಂದರೆ ತಕ್ಕಡಿಗೆ ಸುರಿದು ತೂಗಿಕೊಳ್ಳುವುದಲ್ಲ. ಒಂದೊಂದೇ ಹಣ್ಣನ್ನು ಎಡಗೈಯಲ್ಲಿ ಎತ್ತಿ ಕಿವಿಯ ಹತ್ತಿರ ಹಿಡಿದು, ಬಲಗೈಯ ನಡುಬೆರಳನ್ನು ಸಿಡಿಸಿ ಅದರ ಹೊಟ್ಟೆಗೆ ಹೊಡೆಯುತ್ತಿದ್ದ. ಗಟ್ಟಿಯಾಗಿ 'ದಪ್' ಎಂದರೆ ಒಳಗೆ ರಸ ತುಂಬಿದೆ ಎಂದು ಲೆಕ್ಕ. 'ಡೊಬ್' ಎಂದು ಟೊಳ್ಳು ದನಿ ಬಂದರೆ ಹಣ್ಣು ಪಕ್ಕಕ್ಕೆ. ಇಪ್ಪತ್ತೆಂಟು ವರ್ಷದ ವ್ಯಾಪಾರದಲ್ಲಿ ಆ ಬೆರಳು ಮೋಸ ಹೋದದ್ದು ಕಡಿಮೆ.

"ಮ್ಯಾಲೆ ಬಂಗಾರದಂಗ ಐತಲ್ರೀ ಸಾವ್ಕಾರ್ರ" ಎಂದು ಹಣ್ಣು ತಂದಿದ್ದ ಚೌಡ ಗೋಗರೆದ.

"ಬಂಗಾರ ಮ್ಯಾಲೆ ಐತಿ ಚೌಡ. ತಿನ್ನೂದು ಒಳಗಿಂದು."

ಮಧ್ಯಾಹ್ನದ ಬುತ್ತಿ ತಂದಿದ್ದ ಗಂಗಾಂಬಿಕಾ ಈ ಮಾತು ಕೇಳಿ ಬುತ್ತಿಯನ್ನು ಮೇಜಿನ ಮೇಲೆ ಕುಕ್ಕಿದಳು. ಚೌಡ ಬೆಚ್ಚಿದ. ಶಿವಲಿಂಗಪ್ಪ ಬೆಚ್ಚಲಿಲ್ಲ. ಹೆಂಡತಿ ಒಂದು ವಾರದಿಂದ ಪಾತ್ರೆಯಿಂದ ಹಿಡಿದು ಬಾಗಿಲಿನವರೆಗೆ ಎಲ್ಲವನ್ನೂ ಕುಕ್ಕುತ್ತಲೇ ಇದ್ದಳು.

ಕುಕ್ಕದೆ ಏನು ಮಾಡಬೇಕು? ಒಂದು ಹಣ್ಣನ್ನು ಬಡಿಯದೆ ಕೊಳ್ಳದ ಈ ಮನುಷ್ಯ, ಜನ್ಮದಲ್ಲಿ ಒಂದೇ ಸಲ ಕೊಳ್ಳುವ ಮನೆಯನ್ನು ಹೊರಗಿನ ಬಣ್ಣ ನೋಡಿ ಕೊಳ್ಳಲು ಹೊರಟಿದ್ದ. ಮನೆ ಶಿರಸಿಯ ಹತ್ತಿರದ ಹುಲಗೋಳದಲ್ಲಿತ್ತು. ಮಗ ಪವನ್ ಶಿರಸಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಸೊಸೆ ಪ್ರತಿಭಾ ಹುಲಗೋಳದ ಶಾಲೆಯಲ್ಲಿ ಟೀಚರು. ಈಗ ಏಳು ತಿಂಗಳ ಬಸುರಿ. ಹೆರಿಗೆಗೆ ತವರಿಗೆ ಹೋದವಳು ಕೂಸಿನ ಜೊತೆ ಬರುವಷ್ಟರಲ್ಲಿ ಎಲ್ಲರೂ ಬಾಡಿಗೆ ಕೋಣೆಗಳನ್ನು ಬಿಟ್ಟು ಸ್ವಂತ ಸೂರಿನ ಕೆಳಗೆ ಇರಬೇಕೆಂಬುದು ಮನೆಮಂದಿಯ ಆಸೆ. ತೇಗದ ತೊಟ್ಟಿಲು ಆಗಲೇ ಬಂದು ಮೂಲೆಯಲ್ಲಿ ಕುಳಿತಿತ್ತು.

ಮನೆ ಮಾರುತ್ತಿದ್ದವಳು ಶಿವಲಿಂಗಪ್ಪನ ತಾಯಿಯ ತಂಗಿ ಶಾರದವ್ವ. ಎಪ್ಪತ್ತು ದಾಟಿದರೂ ಹಪ್ಪಳದ ವ್ಯಾಪಾರ ಬಿಟ್ಟವಳಲ್ಲ. ಪೇಟೆಯಲ್ಲಿದ್ದರೆ ಗಿರಾಕಿ ಹೆಚ್ಚು ಎಂದು ಶಿರಸಿಯಲ್ಲಿ ಮಗಳ ಮನೆಯ ಎದುರಿಗೇ ಸಣ್ಣ ಮನೆ ಹಿಡಿದು, ಹುಲಗೋಳದ್ದನ್ನು ಮಾರಲು ನಿಂತಿದ್ದಳು. ಮಾತು ಮುಗಿದಿತ್ತು. ಶುಕ್ರವಾರ ಎಲೆ ಅಡಿಕೆ. ಹಿರಿಯರ ಎದುರು ಎಲೆ ಅಡಿಕೆ ಬದಲಾಯಿಸಿಕೊಂಡರೆ ಅವರ ಕಡೆ ಅದೇ ಕೊನೆ. ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ.

ಮನೆಯನ್ನು ನೋಡಿಸಲಿಲ್ಲ ಎಂದು ಶಿವಲಿಂಗಪ್ಪನಿಗೆ ಹೇಳುವಂತೆಯೂ ಇರಲಿಲ್ಲ. ವಕೀಲರು ಉತಾರ, ಪಂಚಾಯತಿಯ ಕಾಗದ ಎಲ್ಲ ನೋಡಿ ಸರಿ ಎಂದಿದ್ದರು. ವಾಸ್ತುವಿನವನು ಮೊಬೈಲಿನಲ್ಲಿ ದಿಕ್ಸೂಚಿ ಹಿಡಿದು ಮನೆಯೆಲ್ಲ ಸುತ್ತಿ, ಒಲೆಯನ್ನು ಎರಡು ಅಡಿ ಪಕ್ಕಕ್ಕೆ ಸರಿಸಬೇಕು ಎಂದು ಹೇಳಿ ಹೋಗಿದ್ದ. ಅಯ್ಯನವರು ಪಂಚಾಂಗ ನೋಡಿ ಶುಕ್ರವಾರ ಹತ್ತೂವರೆ ಎಂದಿದ್ದರು. ಕಾಗದ ನೋಡಿದ್ದಾಯಿತು, ದಿಕ್ಕು ನೋಡಿದ್ದಾಯಿತು, ನಕ್ಷತ್ರ ನೋಡಿದ್ದಾಯಿತು. ಮನೆಯನ್ನು ಮಾತ್ರ ಯಾರೂ ನೋಡಲಿಲ್ಲ.

"ನಾಲ್ಕು ಸಲ ಹೋಗಿ ನೋಡಿ ಬಂದೇನಲ್ಲ" ಎಂದ ಶಿವಲಿಂಗಪ್ಪ, ರೊಟ್ಟಿ ಮುರಿಯುತ್ತ.

"ನಾಲ್ಕು ಸಲಾನೂ ಚಾ ಕುಡದು ಬಂದೀರಿ."

"ತೊಲಿ ಹೆಂಗ ಹೊಳೀತೈತಿ ನೋಡಿಲ್ಲೇನು?"

"ಅದಕ್ಕ ಹೇಳೂದು. ಉಳಿದ ಮನಿಯೆಲ್ಲ ಹಳೇ ಸುಣ್ಣ. ನಡುಮನಿ ತೊಲಿಗಷ್ಟ ಹೊಸಾ ಬಣ್ಣ ಯಾಕ? ಅಲ್ಲೇ ಗೋಡಿಗೆ ಹಾಕಿದ ಫೋಟೋ ಹಿಂದ ಮಣ್ಣಿನ ಗೆರಿ ಐತ್ರಿ. ಗೆದ್ಲ ಹತ್ತಿದ್ದ ಗೆರಿ. ನನ್ನ ಕಣ್ಣಾರೆ ನೋಡೇನಿ. ತಿಳಿದವರು ಒಬ್ಬರು ಅಟ್ಟ ಹತ್ತಿ ನೋಡ್ಲಿ ಅಂತೇನಿ, ಅಷ್ಟ."

ಶಿವಲಿಂಗಪ್ಪ ರೊಟ್ಟಿಯನ್ನು ಕೆಳಗಿಟ್ಟ. ಈ ಸಲ ಅವನ ದನಿ ತಗ್ಗಿತು. "ಗಂಗಾ, ಅಪ್ಪ ಹೋದಾಗ ನನಗ ಒಂಬತ್ತು ವರ್ಷ. ಆ ಮನಿಯೊಳಗ ಮೂರು ವರ್ಷ ಉಂಡೇನಿ. ಚಿಗವ್ವ ತನ್ನ ಮಕ್ಕಳಿಗೊಂದು ನನಗೊಂದು ಮಾಡ್ಲಿಲ್ಲ. ಈಗ ಪರರನ್ನ ಕರಕೊಂಡು ಹೋಗಿ ಆಕಿ ಮನಿ ಬಡದು ನೋಡು ಅಂತಿ? ಅದು ಮನಿ ಬಡದಂಗ ಅಲ್ಲ, ಆಕಿ ಮಾರಿಗೆ ಬಡದಂಗ."

ಗಂಗಾಂಬಿಕಾಗೆ ಇನ್ನಷ್ಟು ಸಿಟ್ಟು ಬಂತು. ಅವನ ಮಾತು ಸುಳ್ಳಲ್ಲ. ಶಾರದವ್ವ ಕಪಟದ ಹೆಂಗಸಲ್ಲ ಎಂದು ಅವಳಿಗೂ ಗೊತ್ತು.

"ಅತ್ತಿ ಋಣ ನಿಮಗ ಗೊತ್ತೈತಿ, ನನಗೂ ಗೊತ್ತೈತಿ" ಎಂದಳು ಕೊನೆಗೆ. "ತೊಲಿಗೆ ಗೊತ್ತೈತೇನು?"

ಶಿವಲಿಂಗಪ್ಪ ಕೈ ತೊಳೆದು ಎದ್ದು ಮತ್ತೆ ಹಣ್ಣು ಬಡಿಯತೊಡಗಿದ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದುಕೊಂಡು ಅವಳು ಖಾಲಿ ಬುತ್ತಿ ಎತ್ತಿಕೊಂಡು ಮನೆಗೆ ಬಂದಳು. ಬಂದವಳೇ ಫೋನಿನಲ್ಲಿ ಶೌಕತ್‌ನ ನಂಬರು ಹುಡುಕಿದಳು.

ಶೌಕತ್ ಶಿರಸಿಯವನು. ಹಳೆಯ ಮನೆಗಳನ್ನು ಬಿಚ್ಚಿ ಮರಮಟ್ಟು, ಬಾಗಿಲು, ಹಂಚು ಮಾರುವುದು ಅವನ ಕಸುಬು. ಐದು ವರ್ಷದ ಹಿಂದೆ ಅವರ ಪಕ್ಕದ ಮನೆಯನ್ನು ಬಿಚ್ಚಿದಾಗ ಗಂಗಾಂಬಿಕಾ ಅಡುಗೆಮನೆಗೆ ಅವನಿಂದ ಒಂದು ಹಲಗೆ ಕೊಂಡಿದ್ದಳು. "ಬಣ್ಣ ಹೊಸತಿದ್ದಲ್ಲಿ ಮೊದಲು ಚುಚ್ಚಿ ನೋಡ್ಬೇಕು ಅಕ್ಕಾ" ಎಂದು ಅವನು ಆಗ ಹೇಳಿದ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಸಾವಿರ ಮನೆಗಳ ಹೊಟ್ಟೆ ನೋಡಿದವನು. ಇವನಿಗಿಂತ ತಿಳಿದವರು ಇನ್ಯಾರು ಎಂಬುದು ಅವಳ ಲೆಕ್ಕ. ಮನೆ ಹಿಡಿಯುವ ದಿನ ಮನೆ ಕೆಡವುವವನನ್ನು ಕರೆಯುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಉಳಿದವರಿಗೆಲ್ಲ ತಕ್ಷಣ ಹೊಳೆಯಿತು. ಶುಕ್ರವಾರ ಗಂಡ ಹೆಂಡತಿ ಹುಲಗೋಳದಲ್ಲಿ ಇಳಿದಾಗ ಶಾರದವ್ವನ ಗೇಟಿನ ಎದುರು ಶೌಕತ್‌ನ ಗಾಡಿ ನಿಂತಿತ್ತು. ಅವನು ಏಣಿ ಇಳಿಸುತ್ತಿದ್ದ. ಶಿವಲಿಂಗಪ್ಪನ ಮುಖ ಕೆಂಪಾಯಿತು.

"ಮನಿ ಹಿಡಿಯೋ ದಿನ ಮನಿ ಒಡಿಯಾವನ್ನ ಕರಸೀ? ನಿನಗ ತಲಿ ನೆಟ್ಟಗೈತೇನು?"

"ಒಡೆಯೋದಲ್ಲ ಸಾವ್ಕಾರ್ರೇ, ಬಿಚ್ಚೋದು" ಎಂದ ಶೌಕತ್ ಏಣಿಯ ಆಚೆಯಿಂದ. "ಒಡೆದ್ರೆ ನಮ್ಮ ಹೊಟ್ಟೆಗೆ ಎಂತ ಸಿಗ್ತದೆ?"

ಅಷ್ಟರಲ್ಲಿ ಶಾರದವ್ವ ಹೊಸ್ತಿಲಿಗೆ ಬಂದಳು. ಕೈಯಲ್ಲಿ ಎಲೆ ಅಡಿಕೆಯ ತಟ್ಟೆ. ಶೌಕತ್‌ನನ್ನು ನೋಡಿ ಅವಳ ನಗು ಅಲ್ಲಿಗೇ ನಿಂತಿತು. "ಇವ ಶಾನಭಾಗರ ಮನಿ ಬಿಚ್ಚಿದಾತ ಅಲ್ಲೇನು? ಇಲ್ಲೇನು ಕೆಲಸ ಇವಗ?"

ಶಿವಲಿಂಗಪ್ಪ ನೆಲ ನೋಡಿದ. ಗಂಗಾಂಬಿಕಾಳೇ ಹೇಳಬೇಕಾಯಿತು. "ಅತ್ತಿ, ತೊಲಿ, ಜಂತಿ, ಗೋಡಿ ಒಮ್ಮಿ ನೋಡ್ಲಿ ಅಂತ ನಾನ ಕರಸೇನಿ. ಒಂದು ತಾಸು ಅಷ್ಟ."

"ಐವತ್ತು ವರ್ಷ ಈ ಮನಿಯೊಳಗ ಬಾಳೇನಿ ನಾನು. ಮೂರು ಮಕ್ಕಳನ್ನ ಹಡದೇನಿ, ಇವನ್ನೂ ಸಾಕೇನಿ. ತೊಲಿಗೆ ಬಣ್ಣ ಹೊಡಸಿದ್ದೂ ಅಳಿಯ, ಮನಿ ಮಾರುವಾಗ ಚಂದ ಕಾಣ್ಲಿ ಅಂತ. ಅದರಾಗ ಮುಚ್ಚಿಡೂದು ಏನೈತಿ?" ಮುದುಕಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. "ನಂಬಿಕಿ ಇಲ್ಲಂದ್ರ ಹೇಳಿಬಿಡು ಶಿವಲಿಂಗ. ತಾಟು ಒಳಗ ಒಯ್ತೇನಿ."

"ನಾ ಕರಸಿಲ್ಲ ಚಿಗವ್ವ, ನಿನ್ನಾಣೆ" ಎಂದ ಶಿವಲಿಂಗಪ್ಪ.

ಶೌಕತ್ ಏಣಿಯನ್ನು ಮತ್ತೆ ಗಾಡಿಗೆ ಏರಿಸತೊಡಗಿದ. "ದೊಡ್ಡವರಿಗೆ ಬೇಜಾರಾಗೋದು ಬೇಡ ಅಕ್ಕಾ. ನಾ ಹೋಗ್ತೇನೆ."

ಗಂಗಾಂಬಿಕಾಗೆ ಕೂಗಬೇಕೆನಿಸಿತು. ಒಂದು ತೊಲೆ ನೋಡುವುದಕ್ಕೆ ಇಷ್ಟು ರಾದ್ಧಾಂತವೇ? ಬಸುರಿಗೆ ನಾಲ್ಕು ಸಲ ಸ್ಕ್ಯಾನಿಂಗ್ ಮಾಡಿಸಿದಾಗ ಯಾರಿಗೂ ಅವಮಾನ ಆಗಲಿಲ್ಲ. ಆ ಕೂಸು ಮಲಗುವ ಸೂರು ನೋಡುತ್ತೇನೆಂದರೆ ಎಲ್ಲರ ಮಾನ ಹೋಗುತ್ತದೆ. ಆದರೆ ಕೂಗಿದರೆ ಕೆಲಸ ಕೆಡುತ್ತದೆ ಎಂಬಷ್ಟು ವಿವೇಕ ಉಳಿದಿತ್ತು. ಅವಳು ಚೀಲಕ್ಕೆ ಕೈ ಹಾಕಿ, ಅಳತೆಗೆಂದು ತಂದಿದ್ದ ತೊಟ್ಟಿಲ ಸರಪಳಿಯನ್ನು ತೆಗೆದಳು.

"ಅತ್ತಿ, ತೊಟ್ಟಿಲ ಎಲ್ಲಿ ಕಟ್ಟೂದು? ನೀವ ತೋರಸ್ರಿ."

ಸರಪಳಿ ನೋಡಿ ಶಾರದವ್ವನ ಮುಖ ಸ್ವಲ್ಪ ಸಡಿಲಾಯಿತು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಮಂಡಿ ಹಿಡಿದುಕೊಂಡು ನಡುಮನೆಗೆ ನಡೆದಳು. "ಎಲ್ಲಿ ಅಂದ್ರೇನು, ಇಲ್ಲೇ. ಈ ನಡು ತೊಲಿಗೆ. ನನ್ನ ಮೂರೂ ಮಕ್ಕಳು ಇದರ ಕೆಳಗ ಮಲಗಿ ದೊಡ್ಡವಾದ್ವು." ತೊಲೆಯ ಸರಿ ಕೆಳಗೆ ಈಗ ಅವಳ ಮಂಚವಿತ್ತು. ಹಾಸಿಗೆ ಮಡಿಸಿಟ್ಟಿತ್ತು.

ಗಂಗಾಂಬಿಕಾ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ಗಂಡನ ಮುಂದಿಟ್ಟಳು. "ಶೌಕತ್ ಬ್ಯಾಡ, ಯಾರೂ ಬ್ಯಾಡ. ನೀವು ಈ ಮನಿ ಮಗ. ಒಂದು ಹಣ್ಣು ಬಡದಂಗ ಒಮ್ಮಿ ಬಡದು ಇಳೀರಿ. ಆಮ್ಯಾಲೆ ನಾ ಬಾಯಿ ತೆಗದ್ರ ಕೇಳ್ರಿ."

ಅವಳ ಬಾಯಿ ಮುಚ್ಚಿಸಬಹುದು ಎಂಬ ಆಸೆಗೇ ಶಿವಲಿಂಗಪ್ಪ ಹತ್ತಿದ. ನಡುಬೆರಳು ಸಿಡಿಸಿ ತೊಲೆಗೆ ಒಂದು ಹೊಡೆದ. ಚಿಗವ್ವನ ಕಡೆ ನೋಡಿ ನಗಲು ತಿರುಗಿದವನು ನಗಲಿಲ್ಲ. ಮತ್ತೆ ತಿರುಗಿ, ಕಿವಿಯನ್ನು ತೊಲೆಗೆ ಹತ್ತಿರ ತಂದು ಇನ್ನೊಂದು ಹೊಡೆದ. ಆಮೇಲೆ ಗೆಣ್ಣಿನಿಂದ, ಗೇಣು ಗೇಣಿಗೆ ಒಂದರಂತೆ, ಕೈ ನಿಲುಕುವಷ್ಟು ದೂರ ಹೊಡೆಯುತ್ತ ಹೋದ. ಗೋಡೆಯ ಹತ್ತಿರ 'ದಪ್' ಎಂದದ್ದು ನಡುವಿಗೆ ಬರುತ್ತ 'ಡೊಬ್' ಎಂದಿತು. ಮತ್ತೆ ಹೊಡೆದರೂ ಅದೇ. ಆ ದನಿಯನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವನು ಮೆಲ್ಲಗೆ ಇಳಿದ.

"ಶೌಕತ್ ಭಾಯ್" ಎಂದು ಬಾಗಿಲ ಕಡೆ ಕೂಗಿದ. "ಏಣಿ ತರ್ರಿ."

ಶೌಕತ್ ಏಣಿ ಹತ್ತಿ, ಕಿಸೆಯಿಂದ ಉದ್ದನೆಯ ಸ್ಕ್ರೂಡ್ರೈವರು ತೆಗೆದು ತೊಲೆಗೆ ಆನಿಸಿ ಒತ್ತಿದ. ಹೆಚ್ಚು ಬಲ ಹಾಕಲಿಲ್ಲ. ಅದು ಹಿಡಿಯವರೆಗೆ ಒಳಗೆ ಹೋಯಿತು. ಹೊರಗೆ ಎಳೆದಾಗ ಕಂದು ಪುಡಿ ಸುರಿದು ಮಡಿಸಿಟ್ಟ ಹಾಸಿಗೆಯ ಮೇಲೆ ಗುಡ್ಡೆಯಾಯಿತು. ಅದರಲ್ಲಿ ನಾಲ್ಕಾರು ಬಿಳಿ ಹುಳ ಹರಿದಾಡಿದವು.

"ಹೊರಗಿನ ಸಿಪ್ಪೆ ಮತ್ತೆ ಬಣ್ಣ ಅಷ್ಟೇ ಉಳಿದದೆ ಅಮ್ಮಾ" ಎಂದ ಅವನು ಇಳಿಯುತ್ತ. "ಮೇಲಿನ ಭಾರವೆಲ್ಲ ಎರಡು ತುದೀಲಿ ನಿಂತದೆ. ಎಷ್ಟು ದಿನ ನಿಲ್ತದೆ ಅಂತ ಹೇಳೋಕೆ ಬರೋದಿಲ್ಲ. ತೊಟ್ಟಿಲು ಜೀಕೋದು ಮಾತ್ರ ಬೇಡ." ಕೆಳಗಿನ ಮಂಚ ನೋಡಿ ಕೇಳಿದ. "ಇಲ್ಲಿ ಮಲಗೋರು ಯಾರು?"

"ನಾನ" ಎಂದಳು ಶಾರದವ್ವ. "ನಾಲ್ಕು ವರ್ಷ ಆತು. ಮಂಡಿ ನೋವು ಬಂದ ಮ್ಯಾಲೆ ಮಾಳಗಿ ಹತ್ತಾಕ ಆಗವಲ್ದು."

ಶಾರದವ್ವ ಹಾಸಿಗೆಯ ಮೇಲಿನ ಪುಡಿಯನ್ನು ನೋಡುತ್ತ ನಿಂತಳು. ಗೆದ್ದೆನೆಂದು ಗಂಗಾಂಬಿಕಾಗೆ ಅನಿಸಲಿಲ್ಲ. ಕೂಸಿನ ಚಿಂತೆಯಲ್ಲಿ ಈ ಮುದುಕಿಯ ಚಿಂತೆ ತನಗೂ ಬಂದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಶಿವಲಿಂಗಪ್ಪ ಬಗ್ಗಿ ಮಂಚದ ಒಂದು ತುದಿ ಹಿಡಿದ. ಶೌಕತ್ ಇನ್ನೊಂದು ತುದಿ ಹಿಡಿದ. ಇಬ್ಬರೂ ಮಂಚವನ್ನು ಎತ್ತಿ ಜಗಲಿಗೆ ತಂದಿಟ್ಟರು.

"ನಾ ಮೋಸ ಮಾಡ್ಲಿಲ್ಲೋ ಶಿವಲಿಂಗ" ಎಂದಳು ಶಾರದವ್ವ ಹಿಂದಿನಿಂದ.

"ಗೊತ್ತೈತಿ ಚಿಗವ್ವ. ಮೋಸ ನಾ ಮಾಡಿದ್ದು. ನಾಲ್ಕು ಸಲ ಬಂದೆ. ಹತ್ತು ರೂಪಾಯಿ ಹಣ್ಣು ಬಡೀತೇನಿ, ನೀ ಮಲಗೂ ಜಾಗದ ತೊಲಿ ಬಡದು ನೋಡ್ಲಿಲ್ಲ." ಅವನು ಹಾಸಿಗೆಯ ಮೇಲಿನ ಪುಡಿಯನ್ನು ಅಂಗಳಕ್ಕೆ ಕೊಡವತೊಡಗಿದ.

ಹತ್ತೂವರೆ ಎಂದೋ ದಾಟಿತ್ತು. ಕಟ್ಟೆಯ ಮೇಲೆ ಎಲೆ ಬಾಡುತ್ತಿತ್ತು. ಶಾರದವ್ವ ತಟ್ಟೆಯನ್ನು ಎತ್ತಿಕೊಂಡಳು. ಒಳಗೆ ಒಯ್ಯುತ್ತಾಳೆ ಎಂದುಕೊಂಡರು. ಅವಳು ಶೌಕತ್‌ನ ಮುಂದೆ ಹಿಡಿದಳು.

"ಎಲಿ ಹಾಕ್ಕೋ ತಮ್ಮಾ. ಹಾಕ್ಕೊಂಡು ಉಳಿದದ್ದೂ ನೋಡು. ಅಡಗಿಮನಿ, ಬಚ್ಚಲಾ, ಮಾಳಗಿ, ಎಲ್ಲಾ ಚುಚ್ಚು. ಏನೇನು ಕೆಟ್ಟೈತಿ ಒಂದು ಹಾಳ್ಯಾಗ ಬರಕೊಡು. ಇವ್ರು ತಗೊಳ್ಳಿ ಬಿಡ್ಲಿ, ಯಾರು ಬಂದ್ರೂ ಮೊದ್ಲು ಅದನ್ನ ಓದಸ್ತೇನಿ." ಆಮೇಲೆ ಗಂಗಾಂಬಿಕಾಳ ಕಡೆ ತಿರುಗಿ, ಇನ್ನೂ ಹೋಗದ ಸಿಟ್ಟಿನಲ್ಲೇ ಹೇಳಿದಳು. "ನೀನೂ ಹಂಗ. ಮಣ್ಣಿನ ಗೆರಿ ನೋಡಿದ ದಿನಾನ ನನಗ ಹೇಳಾಕ ಏನಾಗಿತ್ತು?"

ಗಂಡನ ಕಿವಿಗೆ ವಾರವಿಡೀ ಹೇಳಿದ ಗಂಗಾಂಬಿಕಾಗೆ ಮನೆಯೊಡತಿಗೇ ನೇರ ಹೇಳುವ ಧೈರ್ಯ ಬಂದಿರಲಿಲ್ಲ. ಬೇಜಾರಾದೀತೆಂದು ಅವಳೂ ಅಂಜಿದ್ದಳು.

ಮಳೆಗಾಲಕ್ಕೆ ಮೊದಲು ಶಾರದವ್ವ ಪಟ್ಟು ಹಿಡಿದು ತಾನೇ ರಿಪೇರಿ ಮಾಡಿಸಿದಳು. ನಡುಮನೆಗೆ ಹೊಸ ತೊಲೆ ಬಂತು. ಹೊಸದೆಂದರೆ ಹೊಸದಲ್ಲ. ಎಲ್ಲೋ ಬಿಚ್ಚಿದ ಮನೆಯದು, ಶೌಕತ್‌ನ ಅಂಗಳದಲ್ಲಿ ಬಿದ್ದಿದ್ದ ಮತ್ತಿ ಮರದ್ದು. ಅದಕ್ಕೆ ಬಣ್ಣ ಹೊಡೆಯಲು ಅವಳು ಬಿಡಲಿಲ್ಲ. ಎಲೆ ಅಡಿಕೆ ಆಮೇಲೆ ಆಯಿತು, ಮುಹೂರ್ತ ಯಾರೂ ಕೇಳಲಿಲ್ಲ.

ಕೂಸು ಮೂರು ತಿಂಗಳಿಗೆ ಹುಲಗೋಳಕ್ಕೆ ಬಂತು. ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಹೆಂಗಸರು. ಸರಪಳಿ ಬಿಗಿದಾಗಿತ್ತು, ಪ್ರತಿಭಾ ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು. ಅಷ್ಟರಲ್ಲಿ ಶಿವಲಿಂಗಪ್ಪ ಸ್ಟೂಲು ಎಳೆದ.

"ಮತ್ತ ಶುರು ಆತು ನೋಡ್ರಿ. ಕಂಬ ಬಡಿತಾರು, ಬಾಗಲಾ ಬಡಿತಾರು, ಬೀಗರ ಮನಿಗೆ ಹೋದ್ರ ಅಲ್ಲೂ ಬಡಿತಾರು. ಸಾಕಾಗೇತಿ ನನಗ" ಎಂದಳು ಗಂಗಾಂಬಿಕಾ ಎಲ್ಲರಿಗೂ ಕೇಳುವಂತೆ. ಹೇಳುತ್ತಲೇ ಬಂದು ಸ್ಟೂಲು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ತೊಲೆ 'ದಪ್' ಎಂದಿತು. ಶಿವಲಿಂಗಪ್ಪ ಇಳಿಯಲು ಕಾಲು ತೆಗೆದ.

"ಆ ತುದೀನೂ ಬಡಿಯೋ ಶಿವಲಿಂಗ" ಎಂದಳು ಕುರ್ಚಿಯಲ್ಲಿ ಕುಳಿತಿದ್ದ ಶಾರದವ್ವ.

ಅವನು ಇಳಿದ. ಗಂಗಾಂಬಿಕಾ ಸ್ಟೂಲನ್ನು ಆ ತುದಿಗೆ ಸರಿಸಿ ಮತ್ತೆ ಹಿಡಿದಳು. ಪ್ರತಿಭಾ ಕೂಸನ್ನು ಎದೆಗೊತ್ತಿಕೊಂಡು ಇನ್ನೂ ಸ್ವಲ್ಪ ಹೊತ್ತು ಕಾದಳು.